ಲೋಲಕದ ಕೆಳಗೆ ಮಲಗಿದವನ ಲೆಕ್ಕಾಚಾರ: ಪೋ ಕಥೆಯ ಉಚಿತ ಇ-ಪುಸ್ತಕ ಹೇಗಿದೆ?

ಅಮೆರಿಕದ ಕಥೆಗಾರ ಎಡ್ಗರ್ ಅಲನ್ ಪೋ ಬರೆದ ‘ದಿ ಪಿಟ್ ಅಂಡ್ ದಿ ಪೆಂಡುಲಮ್’ ಓದಲು ಒಂದು ಪೈಸೆಯೂ ಬೇಡ. ಪೋ ತೀರಿಕೊಂಡದ್ದು 1849ರಲ್ಲಿ, ಹಕ್ಕುಸ್ವಾಮ್ಯದ ತಕರಾರೇ ಇಲ್ಲ. ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಉಚಿತ ಇ-ಪುಸ್ತಕ ತಾಣದಲ್ಲಿ ಅವನ ಕೃತಿಗಳು ಐದು ಸಂಪುಟಗಳಾಗಿ ಸಿಗುತ್ತವೆ. ಈ ಕಥೆ ಇರುವುದು ಎರಡನೆಯದರಲ್ಲಿ, ಮೊದಲನೆಯದನ್ನು ಇಳಿಸಿಕೊಂಡು ಹುಡುಕಿದರೆ ಸಿಗದು. ಮೊಬೈಲಿಗೆ ಇಪಬ್ ಎಂಬ ಇ-ಪುಸ್ತಕ ಕಡತ ಸಾಕು. ಕಿಂಡಲ್ ಇದ್ದರೆ ಅದರ ಕಡತ ಬೇರೆಯೇ ಇದೆ. ಕಥೆ ಸುಮಾರು ಆರು ಸಾವಿರ ಪದಗಳದ್ದು. ಮುಕ್ಕಾಲು ಗಂಟೆ ಬಿಡುವು ಮಾಡಿಕೊಂಡು ಒಂದೇ ಪಟ್ಟಿಗೆ ಮುಗಿಸಬೇಕು. ಎರಡು ದಿನಕ್ಕೆ ಹಂಚಿದರೆ ಕಟ್ಟಿದ ಬಿಗಿಯೆಲ್ಲ ಸಡಿಲ.

ಅಚ್ಚಿನ ಪುಸ್ತಕವೇ ಬೇಕು ಅನ್ನುವವರು ಕೊಳ್ಳುವ ಮುಂಚೆ ಮೂರು ಕಡೆ ಕಣ್ಣಾಡಿಸಿ. ಕಥೆಯ ತಲೆಯ ಮೇಲೆ ನಾಲ್ಕು ಸಾಲು ಲ್ಯಾಟಿನ್ ಇದೆಯೇ? ನಡುವೆ 52 ಮತ್ತು 48 ಹೆಜ್ಜೆಯ ಎಣಿಕೆ ಇದೆಯೇ? ಕೊನೆಯಲ್ಲಿ ಜನರಲ್ ಲಸಾಲ್ ಹೆಸರು ಬರುತ್ತದೆಯೇ? ಮಕ್ಕಳಿಗೆಂದು ಮೊಟಕು ಮಾಡಿದ ಪ್ರತಿಗಳಲ್ಲಿ ಮೊದಲು ಕತ್ತರಿ ಬೀಳುವುದು ಆ ಎಣಿಕೆಗೇ. ಅದು ಹೋದ ಮೇಲೆ ಉಳಿಯುವುದು ಒಂದು ಕತ್ತಿ, ಒಂದಿಷ್ಟು ಇಲಿ, ಅಷ್ಟೇ.

ಏಕೆಂದರೆ ಈ ಕಥೆಯಲ್ಲಿ ದೆವ್ವವಿಲ್ಲ, ಭೂತವಿಲ್ಲ. ಹೆದರಿಸುವುದು ಅಳತೆ. ಸ್ಪೇನಿನ ಟೊಲೆಡೊ ಊರು, ಇನ್‌ಕ್ವಿಸಿಷನ್ನಿನ ಧರ್ಮನ್ಯಾಯಾಲಯ (ಕ್ಯಾಥೊಲಿಕ್ ನಂಬಿಕೆಗೆ ವಿರುದ್ಧ ಹೋದವರನ್ನು ವಿಚಾರಿಸುತ್ತಿದ್ದದ್ದು), ಮರಣದಂಡನೆ ಕೇಳಿ ಮೂರ್ಛೆ ಹೋದ ಒಬ್ಬ ಕೈದಿ. ಅವನ ಹೆಸರೇನು, ಮಾಡಿದ ತಪ್ಪೇನು ಎಂದು ಪೋ ಕೊನೆಯವರೆಗೂ ಹೇಳುವುದಿಲ್ಲ. (ಕರಾವಳಿಯ ಕೊಂಕಣಿಗರಿಗೆ ಇನ್‌ಕ್ವಿಸಿಷನ್ ಹೊಸ ಪದವಲ್ಲ, ಗೋವಾದಲ್ಲಿ ಅದು ಕೂತದ್ದು 1560ರಲ್ಲಿ. ಅದು ಪೋರ್ಚುಗೀಸರದು, ಇದು ಸ್ಪೇನಿನದು.) ಎಚ್ಚರವಾದಾಗ ಕಗ್ಗತ್ತಲು. ಅವನು ಕೂಗಾಡುತ್ತ ಕೂರುವುದಿಲ್ಲ. ತೊಟ್ಟ ಒರಟು ನಿಲುವಂಗಿಯ ಅಂಚು ಹರಿದು, ಗೋಡೆಗೆ ಅಡ್ಡಲಾಗಿ ನೆಲದ ಮೇಲೆ ಹಾಸಿ, ಗೋಡೆ ಸವರುತ್ತ ಹೊರಡುತ್ತಾನೆ. ಒಂದು ಸುತ್ತು ಮುಗಿದರೆ ಬಟ್ಟೆ ಕಾಲಿಗೆ ಸಿಗಬೇಕು, ಇದು ಉಪಾಯ. 52 ಹೆಜ್ಜೆಗೆ ಎಡವಿ ಬಿದ್ದು ನಿದ್ದೆ ಹೋಗುತ್ತಾನೆ. ಎದ್ದು ರೊಟ್ಟಿ ತಿಂದು ನೀರು ಕುಡಿದು ಮತ್ತೆ ನಡೆದರೆ 48ಕ್ಕೆ ಬಟ್ಟೆ ಸಿಗುತ್ತದೆ. ಒಟ್ಟು 100 ಹೆಜ್ಜೆ, ಗಜಕ್ಕೆ ಎರಡರಂತೆ 50 ಗಜ.

ಲೆಕ್ಕ ತಪ್ಪು. ಬೆಳಕು ಬಂದಾಗ ನೋಡಿದರೆ ಸುತ್ತಳತೆ 25 ಗಜ ಮೀರುವುದಿಲ್ಲ. ಬಿದ್ದಾಗ ಅವನು ಆಗಲೇ ಬಟ್ಟೆಯ ಹತ್ತಿರ ಹತ್ತಿರ ಇದ್ದ, ನಿದ್ದೆಯಿಂದ ಎದ್ದವನು ದಿಕ್ಕು ತಿರುಗಿ ಬಂದ ದಾರಿಯಲ್ಲೇ ವಾಪಸ್ ನಡೆದಿದ್ದ. ಹೊರಟಾಗ ಗೋಡೆ ಎಡಗಡೆ ಇತ್ತು, ಮುಗಿಸಿದಾಗ ಬಲಗಡೆ. ಪೋ ಈ ಸುಳಿವನ್ನು ಮೊದಲು ಕೊಡುವುದಿಲ್ಲ, ಆಮೇಲೆ ಕೈದಿಯೇ ಬಿಡಿಸಿ ಹೇಳುತ್ತಾನೆ. ಸಾವು ಪಕ್ಕದಲ್ಲೇ ನಿಂತಿರುವಾಗ ಅಳತೆ ಎಲ್ಲಿ ತಪ್ಪಿತು ಎಂದು ತಲೆ ಕೆಡಿಸಿಕೊಳ್ಳುವ ಮನುಷ್ಯ ಇವನು. ಹಾಗಾಗಿಯೇ ಬದುಕುತ್ತಾನೆ ಕೂಡ: ಕತ್ತಲಲ್ಲಿ ಕೋಣೆ ದಾಟಹೊರಟು, ನಡುವೆ ಬಾಯ್ದೆರೆದ ಬಾವಿಯ ಅಂಚಿಗೆ ಗದ್ದ ತಾಗುವಂತೆ ಬಿದ್ದಾಗ, ಸಡಿಲ ಕಲ್ಲೊಂದನ್ನು ಒಳಗೆ ಬಿಟ್ಟು ನೀರಿನ ಸದ್ದಿಗೆ ಕಾಯುತ್ತಾನೆ.

ಇನ್ನು ಲೋಲಕ. ಮೂವತ್ತು-ನಲವತ್ತು ಅಡಿ ಎತ್ತರದ ಚಾವಣಿಯಿಂದ ಇಳಿಯುವ ಹಿತ್ತಾಳೆ ಸರಳು, ತುದಿಗೆ ಒಂದಡಿ ಅಗಲದ ಅರ್ಧಚಂದ್ರ, ಕ್ಷೌರದ ಕತ್ತಿಯ ಹರಿತ. ಕೈದಿಯನ್ನು ಮರದ ಚೌಕಟ್ಟಿನ ಮೇಲೆ ಉದ್ದನೆಯ ಪಟ್ಟಿಯಿಂದ ಬಿಗಿದಿದ್ದಾರೆ. ಊಟಕ್ಕೆಂದು ಎಡಗೈ ಮಾತ್ರ ಸಡಿಲ, ಪಕ್ಕದ ತಟ್ಟೆಯಲ್ಲಿ ಖಾರದ ಮಾಂಸ, ಕುಡಿಯಲು ಹನಿ ನೀರಿಲ್ಲ. ಕತ್ತಿ ಎದೆಗೆ ಮೂರು ಅಂಗುಲ ಹತ್ತಿರ ಬಂದಾಗ ಹೊಳೆಯುವ ವಿಷಯ ಒಂದೇ: ಕಟ್ಟು ಬಿಡಿ ಬಿಡಿ ತುಂಡಲ್ಲ, ಇಡೀ ಮೈಗೆ ಸುತ್ತಿದ ಒಂದೇ ಪಟ್ಟಿ. ಒಂದು ಕಡೆ ಕಡಿದರೆ ಎಲ್ಲ ಬಿಚ್ಚಿಕೊಳ್ಳುತ್ತದೆ. ಆದರೆ ಕತ್ತಿ ಹಾಯುವ ಎದೆಯ ಮೇಲೆ ಪಟ್ಟಿ ಇಲ್ಲ. ಆಗ ತಟ್ಟೆಯ ಜಿಡ್ಡನ್ನು ಕೈಗೆಟುಕಿದ ಕಡೆಯೆಲ್ಲ ಪಟ್ಟಿಗೆ ಉಜ್ಜಿ, ಉಸಿರು ಬಿಗಿಹಿಡಿದು ಮಲಗುತ್ತಾನೆ, ಕೋಣೆಯ ಇಲಿಗಳು ಆ ಪಟ್ಟಿಯನ್ನು ಕಡಿಯುತ್ತವೆ. ಇಲಿಗಳು ತುಟಿಯ ಮೇಲೆ ಹರಿದಾಡುವ ಆ ಪ್ಯಾರಾ ಊಟದ ಹೊತ್ತಿಗೆ ಬೇಡ.

ಇಷ್ಟು ಲೆಕ್ಕದ ಕಥೆಯಲ್ಲಿ ಒಂದು ಲೆಕ್ಕ ಕೂಡುವುದಿಲ್ಲ. ಕೋಣೆ ಚೌಕ, ಸುತ್ತಳತೆ 25 ಗಜ ಎಂದರೆ ಪ್ರತಿ ಗೋಡೆ ಸುಮಾರು 19 ಅಡಿ. ಮೂಲೆಯಿಂದ ಮೂಲೆಗೆ ಎಳೆದರೂ 27 ಅಡಿ ದಾಟದು. ಲೋಲಕದ ಬೀಸು ಮಾತ್ರ 30 ಅಡಿಗೂ ಹೆಚ್ಚು ಎಂದು ಬರೆದಿದ್ದಾನೆ ಪೋ. ಕತ್ತಿ ಗೋಡೆಗೆ ಬಡಿಯಬೇಕಿತ್ತು! ವೇಗದ ಮಟ್ಟಿಗೆ ತೊಂದರೆಯಿಲ್ಲ. ಅಷ್ಟುದ್ದದ ಲೋಲಕ ಒಮ್ಮೆ ಹೋಗಿ ಬರಲು ಆರೇಳು ಸೆಕೆಂಡು ಬೇಕು. ಬಟ್ಟೆ ತಾಗಲು ಹತ್ತು-ಹನ್ನೆರಡು ತೂಗು ಬಾಕಿ ಎಂದಾಗ ಓದುಗನಿಗೆ ಸಿಗುವುದು ಒಂದು ನಿಮಿಷ ಚಿಲ್ಲರೆ.

ಕೊನೆಯ ಪುಟ ಅವಸರದ್ದು. ಕಬ್ಬಿಣದ ಗೋಡೆಗಳು ಕಾದು ಕೆಂಪಾಗಿ, ಚೌಕ ಕೋಣೆ ವಜ್ರಾಕೃತಿಗೆ ಹಿಸುಕಿಕೊಂಡು ಅವನನ್ನು ಬಾವಿಯತ್ತ ತಳ್ಳುತ್ತದೆ. ಅಷ್ಟರಲ್ಲಿ ಫ್ರೆಂಚ್ ಸೈನ್ಯ ಊರಿಗೆ ನುಗ್ಗಿ, ಲಸಾಲನ ಕೈ ಅವನನ್ನು ಹಿಡಿಯುತ್ತದೆ. ಲಸಾಲ್ ನೆಪೋಲಿಯನ್ನನ ಅಶ್ವದಳದ ನಿಜವಾದ ಸೇನಾನಿ, 1809ರಲ್ಲಿ ವಾಗ್ರಾಮ್ ಯುದ್ಧದಲ್ಲಿ ಸತ್ತವನು. ಇಡೀ ಕಥೆ ತನ್ನ ಬುದ್ಧಿಯಿಂದಲೇ ಉಳಿದವನನ್ನು ಕಡೆಗೆ ಹೊರಗಿನ ಕೈಯೊಂದು ಎತ್ತಿಬಿಡುವುದು ಸಪ್ಪೆ. ಆದರೆ ಪೋ ಮೋಸ ಮಾಡಿಲ್ಲ. ತಲೆಯ ಮೇಲಿನ ಲ್ಯಾಟಿನ್ ಸಾಲುಗಳು, ಪ್ಯಾರಿಸ್ಸಿನ ಜಾಕೊಬಿನ್ ಕ್ಲಬ್ (ಫ್ರೆಂಚ್ ಕ್ರಾಂತಿಯ ಉಗ್ರಗಾಮಿಗಳ ಕೂಟ) ಇದ್ದ ಜಾಗದಲ್ಲಿ ಕಟ್ಟಬೇಕಿದ್ದ ಮಾರುಕಟ್ಟೆಯ ಬಾಗಿಲಿಗೆಂದು ಬರೆದವು ಎಂಬ ಒಕ್ಕಣೆಯೊಂದಿಗೆ, ಇದನ್ನೇ ಹೇಳುತ್ತವೆ: ಘೋರ ಮರಣ ಇದ್ದಲ್ಲಿ ಈಗ ಜೀವವೂ ಕ್ಷೇಮವೂ ತೆರೆದಿವೆ. ಉಚಿತ ಪ್ರತಿಯಲ್ಲಿ ಇದಕ್ಕೆ ಅನುವಾದವಿಲ್ಲ, ಟಿಪ್ಪಣಿಯಿಲ್ಲ. ಇದೇ ಅದರ ದೊಡ್ಡ ಕೊರತೆ.

ಇಂಗ್ಲಿಷ್ ಹಳೆಯದು, 1842ರದು. ಮೊದಲ ಎರಡು ಪುಟ, ಮೂರ್ಛೆಯ ಬಗೆಗಿನ ಜಿಜ್ಞಾಸೆ, ಕಲ್ಲುಸಕ್ಕರೆಯಂತೆ ಗಟ್ಟಿ. ಅಲ್ಲಿ ನಿಘಂಟು ತೆರೆಯದೆ ಮುಂದೆ ಸಾಗಿ, ಗೋಡೆ ಸವರುವಲ್ಲಿಂದ ಭಾಷೆ ಸಲೀಸು. ‘ಸರ್ಸಿಂಗಲ್’ ಅಂದರೆ ಕುದುರೆಯ ಹೊಟ್ಟೆ ಬಳಸಿ ಬಿಗಿಯುವ ಪಟ್ಟಿ, ಇದೊಂದು ತಿಳಿದಿರಲಿ, ಇಲ್ಲದಿದ್ದರೆ ಕಟ್ಟಿನ ಉಪಾಯ ಅರ್ಥವಾಗದು. ಲಿಬ್ರಿವಾಕ್ಸ್‌ನಲ್ಲಿ ಸ್ವಯಂಸೇವಕರು ಓದಿದ ಧ್ವನಿ ಆವೃತ್ತಿಗಳೂ ಉಚಿತ. ಒಂದಕ್ಕಿಂತ ಹೆಚ್ಚು ಇವೆ, ಎರಡು ನಿಮಿಷ ಕೇಳಿ ಆರಿಸಿಕೊಳ್ಳಿ. ನಾಟಕೀಯವಾಗಿ ಕಿರುಚುವವರಿಗಿಂತ ಸಪಾಟಾಗಿ ಓದುವವರೇ ವಾಸಿ. ಇದೇ ಹೆಸರಿನ 1961ರ ಸಿನಿಮಾ ನೋಡಿ ಕಥೆ ಗೊತ್ತಾಯಿತು ಅಂದುಕೊಳ್ಳಬೇಡಿ, ಅಲ್ಲಿ ಲೋಲಕ ಬಿಟ್ಟರೆ ಮಿಕ್ಕದ್ದು ಬೇರೆಯೇ ಕಥೆ.

ಕಥೆಗೆ ಐದಕ್ಕೆ ನಾಲ್ಕೂವರೆ, ಅರ್ಧ ಕಳೆದದ್ದು ಲಸಾಲನ ಕೈಗೆ. ಉಚಿತ ಪ್ರತಿಗೆ ನಾಲ್ಕು.