ಆಡಿಯೊ-ಟೆಕ್ನಿಕಾ ಎಲ್‌ಪಿ120ಎಕ್ಸ್ ಟರ್ನ್‌ಟೇಬಲ್: ಹೊಸ ಮರುಮುದ್ರಣ, ಹಳೆ ಪ್ಲೇಟು ಎರಡನ್ನೂ ನುಡಿಸಿ ನೋಡಿದ ಮೇಲೆ

ಹಳೆ ರೆಕಾರ್ಡುಗಳ ಮರುಮುದ್ರಣಗಳನ್ನು ಕೊಳ್ಳುವ ಚಟ ಹತ್ತಿದವರ ಮನೆಗೆ ಕ್ರಮೇಣ ಮೂರು ಬಗೆಯ ರೆಕಾರ್ಡುಗಳು ಬಂದು ಸೇರುತ್ತವೆ. ಮೊದಲು 180 ಗ್ರಾಂ ತೂಗುವ ಹೊಸ ಎಲ್‌ಪಿ, ಅಂದರೆ ನಿಮಿಷಕ್ಕೆ 33 ಸುತ್ತು ತಿರುಗುವ ದೊಡ್ಡ ರೆಕಾರ್ಡ್. ಆಮೇಲೆ ಅದರ ಮೂಲ ಪ್ರತಿ ಹುಡುಕಲು ಹೋಗಿ ಕೈಗೆ ಹತ್ತಿದ ಎಪ್ಪತ್ತು-ಎಂಬತ್ತರ ದಶಕದ ಎಚ್‌ಎಂವಿ, ಪಾಲಿಡೋರ್ ಎಲ್‌ಪಿಗಳು ಮತ್ತು ಸಿನಿಮಾ ಹಾಡಿನ 45 ಸುತ್ತಿನ ಚಿಕ್ಕ ಇಪಿಗಳು. ಕೊನೆಗೆ ಯಾರದೋ ಅಟ್ಟದಿಂದ ಇಳಿದ 78 ಸುತ್ತಿನ ಹಳೆ ಪ್ಲೇಟು. ಮೂರನ್ನೂ ಒಂದೇ ಯಂತ್ರ ನುಡಿಸಬೇಕೆಂದರೆ ಆಯ್ಕೆ ಬಹಳ ಇರುವುದಿಲ್ಲ. ಸಾಧಾರಣ ಬೆಲೆಯ ಬೆಲ್ಟ್ ಡ್ರೈವ್‌ಗಳಲ್ಲಿ (ಮೋಟಾರು ಬೆಲ್ಟಿನ ಮೂಲಕ ತಟ್ಟೆ ತಿರುಗಿಸುವ ಯಂತ್ರಗಳಲ್ಲಿ) ಹೆಚ್ಚಿನವಕ್ಕೆ 78ರ ವೇಗವೇ ಇಲ್ಲ; ಸೂಜಿ ಹೊತ್ತ ಕೈ, ಅಂದರೆ ಆರ್ಮ್‌ನ ಎತ್ತರ ಬದಲಿಸಲೂ ಬರುವುದಿಲ್ಲ. 2019ರಲ್ಲಿ ಬಂದ ಆಡಿಯೊ-ಟೆಕ್ನಿಕಾ ಕಂಪನಿಯ ಟರ್ನ್‌ಟೇಬಲ್ ಎಟಿ-ಎಲ್‌ಪಿ120ಎಕ್ಸ್‌ಯುಎಸ್‌ಬಿ ಈ ಎರಡನ್ನೂ ಕೊಡುತ್ತದೆ. ಪೆಟ್ಟಿಗೆಯಿಂದ ತೆಗೆದ ಕೂಡಲೇ ಇದರ ನಾದ ಕೇಳಿ ಯಾರೂ ಬೆರಗಾಗುವುದಿಲ್ಲ. ಹೊಂದಿಸಲು ಕೊಟ್ಟಿರುವ ಅವಕಾಶಗಳಿಗಾಗಿ ಕೊಳ್ಳಬೇಕಾದ ಯಂತ್ರ ಇದು.

ಮೋಟಾರೇ ನೇರವಾಗಿ ತಟ್ಟೆ ತಿರುಗಿಸುವ ಡೈರೆಕ್ಟ್ ಡ್ರೈವ್, ತೂಕ ಸುಮಾರು 8 ಕಿಲೊ, 33, 45, 78 ಮೂರೂ ವೇಗ. 78 ಬೇಕಾದರೆ 33 ಮತ್ತು 45ರ ಗುಂಡಿಗಳನ್ನು ಒಟ್ಟಿಗೆ ಒತ್ತಬೇಕು. ವೇಗ ಹೆಚ್ಚುಕಡಿಮೆ ಮಾಡುವ ಪಿಚ್ ಸ್ಲೈಡರ್ 8 ಅಥವಾ 16 ಶೇಕಡಾ ಹಿಂದೆ-ಮುಂದೆ ಹೋಗುತ್ತದೆ. ನೋಡಲು ಡೀಜೆಗಳ ಯಂತ್ರದಂತಿದೆ. ವೇಗ ತೋರಿಸುವ ಆ ದೀಪ, ತಟ್ಟೆಯ ಅಂಚಿನ ಆ ಚುಕ್ಕೆಗಳು ಕೆಲವರಿಗೆ ಹಿಡಿಸುವುದಿಲ್ಲ. ಅದು ರುಚಿಯ ಮಾತು.

ಎಲ್ಲಿಡಬೇಕು ಎನ್ನುವುದು ಮೊದಲ ಪ್ರಶ್ನೆ. ನಮ್ಮ ಕಡೆಯ ಹಳೆ ಮನೆಗಳಲ್ಲಿ ಗೋಡೆಗೆ ಹುದುಗಿಸಿದ ಕಡಪಾ ಕಲ್ಲಿನ ಶೆಲ್ಫ್ ಇದ್ದರೆ ಅದಕ್ಕಿಂತ ಒಳ್ಳೆಯ ಜಾಗ ಬೇಡ. ಮರದ ನೆಲವೂ ಅಲ್ಲ, ಟೊಳ್ಳು ಟೇಬಲ್ಲೂ ಅಲ್ಲ, ಓಡಾಡಿದರೆ ಸೂಜಿ ಹಾರುವುದಿಲ್ಲ. ಆದರೆ ಅದೇ ಕಲ್ಲಿನ ಮೇಲೆ ಸ್ಪೀಕರ್ ಇಡಬೇಡಿ. ತಗ್ಗು ಸ್ವರದ ಅದುರು ಕಲ್ಲಿನ ಮೂಲಕ ಸೂಜಿಗೆ ಮರಳಿ, ದನಿ ಏರಿಸಿದಾಗ ಗುಂಯ್ ಎನ್ನತೊಡಗುತ್ತದೆ. ಸ್ಪಿರಿಟ್ ಲೆವೆಲ್ ಇಟ್ಟು ನೋಡಿ ಕಾಲುಗಳನ್ನು ತಿರುಗಿಸಿ ಸಮ ಮಾಡಿಕೊಳ್ಳಿ.

ಸೂಜಿಯ ಭಾರ ಹೊಂದಿಸುವಾಗ ಅವಸರ ಪಟ್ಟರೆ ಆಮೇಲಿನದೆಲ್ಲ ಕೆಡುತ್ತದೆ. ಆರ್ಮ್ ಒಳಗೆ ಜಾರದಂತೆ ತಡೆಯುವ ಆಂಟಿ-ಸ್ಕೇಟ್ ಸೊನ್ನೆಗೆ ತನ್ನಿ. ಸೂಜಿಯ ಮುಚ್ಚಳ ತೆಗೆದು, ಆರ್ಮ್ ತಟ್ಟೆಯ ಹೊರಗೆ ಗಾಳಿಯಲ್ಲಿ ಸಮವಾಗಿ ತೇಲುವವರೆಗೆ ಹಿಂದಿನ ತೂಕದ ಗುಂಡನ್ನು ತಿರುಗಿಸಿ. ಆಮೇಲೆ ಗುಂಡು ಅಲುಗದಂತೆ ಹಿಡಿದು ಅಂಕಿಯ ಬಳೆಯನ್ನು ಮಾತ್ರ ಸೊನ್ನೆಗೆ ತನ್ನಿ. ಈಗ ಗುಂಡು, ಬಳೆ ಎರಡೂ ಒಟ್ಟಿಗೆ ತಿರುಗಿ 2ಕ್ಕೆ ಬರಬೇಕು. ಜೊತೆಗೆ ಬರುವ ಎಟಿ-ವಿಎಂ95ಇ ಕಾರ್ಟ್ರಿಡ್ಜಿಗೆ (ಸೂಜಿ ಕೂರುವ, ಅದರ ಅದುರನ್ನು ವಿದ್ಯುತ್ ಸಂಕೇತವಾಗಿಸುವ ಪುಟ್ಟ ಭಾಗಕ್ಕೆ) 1.8ರಿಂದ 2.2 ಗ್ರಾಂ ಸರಿ, ನಡುವಿನ 2.0 ಉತ್ತಮ. ಬಳೆಯ ಅಂಕಿಯನ್ನು ಕಣ್ಣುಮುಚ್ಚಿ ನಂಬಬೇಡಿ. 0.01 ಗ್ರಾಂ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದರ ಮೇಲೆ ಸೂಜಿ ಇಳಿಸುವಾಗ, ಸೂಜಿಯ ಮೊನೆ ರೆಕಾರ್ಡಿನ ಮೇಲ್ಮೈ ಇರುವ ಎತ್ತರದಲ್ಲೇ ಇರಬೇಕು. ಮೇಲಿದ್ದರೆ ಲೆಕ್ಕ ತಪ್ಪುತ್ತದೆ. ಭಾರ ಕಡಿಮೆಯಾದರೆ ರೆಕಾರ್ಡ್ ಹೆಚ್ಚು ಕಾಲ ಬಾಳುತ್ತದೆ ಎಂದು ನಂಬಿದವರು ಬಹಳ. ಆಗುವುದು ಇದರ ಉಲ್ಟಾ: ಹಗುರಾದ ಸೂಜಿ ಗೆರೆಯ ಗೋಡೆಗೆ ಕೂರದೆ ಕುಣಿಯುತ್ತದೆ, ಪ್ರತಿ ಕುಣಿತಕ್ಕೂ ಗೋಡೆ ಕೆತ್ತುತ್ತದೆ.

ಆರ್ಮ್‌ನ ಎತ್ತರವನ್ನು 6 ಮಿಲಿಮೀಟರ್‌ವರೆಗೆ ಏರಿಸಬಹುದು. ಹಳೆ ತೆಳು ಎಲ್‌ಪಿ ಮತ್ತು ದಪ್ಪ ಮರುಮುದ್ರಣಗಳ ನಡುವೆ ಪ್ರತಿ ಸಲ ಇದನ್ನು ಬದಲಿಸುವ ಅಗತ್ಯವಿಲ್ಲ, ಆ ವ್ಯತ್ಯಾಸ ಈ ಸೂಜಿಗೆ ಗೊತ್ತೇ ಆಗುವುದಿಲ್ಲ. ಬೇರೆ ಕಂಪನಿಯ ಕಾರ್ಟ್ರಿಡ್ಜ್ ಹಾಕಿದಾಗ, ತಟ್ಟೆಯ ಮೇಲೆ ಹಾಸುವ ಮ್ಯಾಟ್ ಬದಲಿಸಿದಾಗ ಮಾತ್ರ ಕೆಲಸಕ್ಕೆ ಬರುತ್ತದೆ. ಮ್ಯಾಟ್ ಬದಲಿಸುವುದಂತೂ ಒಳ್ಳೆಯದೇ. ಜೊತೆಗೆ ಬರುವುದು ಫೆಲ್ಟ್. ಬೇಸಿಗೆಯ ಒಣ ಹವೆಯಲ್ಲಿ ರೆಕಾರ್ಡ್ ಎತ್ತಿದರೆ ಫೆಲ್ಟೂ ಅಂಟಿಕೊಂಡು ಎದ್ದು ಬರುತ್ತದೆ. 3 ಮಿಲಿಮೀಟರ್ ರಬ್ಬರ್ ಮ್ಯಾಟ್ ಸಾಕು.

ಇನ್ನು ಸೂಜಿ. ವಿಎಂ95 ಸರಣಿಯ ದೊಡ್ಡ ಅನುಕೂಲವೆಂದರೆ ಕಾರ್ಟ್ರಿಡ್ಜಿನ ದೇಹ ಒಂದೇ, ಮುಂದಿನ ಸೂಜಿಯನ್ನಷ್ಟೇ ಎಳೆದು ಬೇರೆ ಸಿಕ್ಕಿಸಬಹುದು. ಜೊತೆಗೆ ಬರುವ ಎಲಿಪ್ಟಿಕಲ್ (ಅಂಡಾಕಾರದ ಮೊನೆಯ) ಸೂಜಿಗೆ ಕಂಪನಿ ಹೇಳುವ ಆಯುಸ್ಸು 300 ಗಂಟೆ; ಇನ್ನೂ ಸಪೂರ ಮೊನೆಯ ಮೈಕ್ರೊಲೀನಿಯರ್, ಅಂದರೆ ವಿಎಂ95ಎಂಎಲ್‌ಗೆ 1,000 ಗಂಟೆ. ದಿನಕ್ಕೆ ಒಂದು ಎಲ್‌ಪಿ ಕೇಳುವವರ ಮನೆಯಲ್ಲಿ ಮೊದಲನೆಯದು ಹೆಚ್ಚುಕಡಿಮೆ ಒಂದು ವರ್ಷಕ್ಕೆ ಮುಗಿಯುತ್ತದೆ. ಬೆಲೆ ಹೆಚ್ಚಾದರೂ ಗಂಟೆಯ ಲೆಕ್ಕದಲ್ಲಿ ಎಂಎಲ್ ದುಬಾರಿಯಲ್ಲ. ಕಿವಿಗೆ ತಿಳಿಯುವ ವ್ಯತ್ಯಾಸ ಪ್ರತಿ ಬದಿಯ ಕೊನೆಯ ಹಾಡಿನಲ್ಲಿದೆ. ತಟ್ಟೆಯ ಒಳಸುತ್ತಿಗೆ ಹೋದಂತೆ ಅಷ್ಟೇ ಸಮಯದ ಸಂಗೀತ ಕಡಿಮೆ ಉದ್ದದ ಗೆರೆಯಲ್ಲಿ ಅಡಕವಾಗಬೇಕು. ಅಗಲ ಮೊನೆ ಆ ಸಣ್ಣ ಅಲೆಗಳನ್ನು ಹಿಡಿಯಲಾರದೆ ‘ಸ’, ‘ಶ’ ಬಂದಲ್ಲೆಲ್ಲ ಕರಕರ ಎನ್ನುತ್ತದೆ. ಮರುಮುದ್ರಣದ ಗುಣಮಟ್ಟ ಕೆಟ್ಟದ್ದು ಎಂದು ಬರುವ ದೂರುಗಳಲ್ಲಿ ಹಲವು ಸೂಜಿಯ ದೂರುಗಳೇ. ಸೂಜಿ ಬದಲಿಸಿಯೂ ಕರಕರ ಉಳಿದರೆ ತಟ್ಟೆಯ ನಡುಕಡ್ಡಿಯಿಂದ 66 ಮತ್ತು 121 ಮಿಲಿಮೀಟರ್‌ನಲ್ಲಿ ಗುರುತಿರುವ ಪ್ರೊಟ್ರಾಕ್ಟರ್ (ಕೋನ ಅಳೆಯುವ ಪಟ್ಟಿ) ಇಟ್ಟು ಕಾರ್ಟ್ರಿಡ್ಜಿನ ಕೋನ ನೋಡಿ. ಪ್ರೊಟ್ರಾಕ್ಟರನ್ನು ಕಾಗದದ ಮೇಲೆ ಮುದ್ರಿಸುವಾಗ ಅಳತೆ ನೂರಕ್ಕೆ ನೂರು ಇದೆಯೇ ಎಂದು ಸ್ಕೇಲಿನಿಂದ ಪರೀಕ್ಷಿಸಿಕೊಳ್ಳಿ. ಪ್ರಿಂಟರ್ ಪುಟಕ್ಕೆ ಹೊಂದಿಸಲು ಕುಗ್ಗಿಸಿಬಿಡುತ್ತದೆ.

ಈ ಯಂತ್ರದ ಮೇಲೆ ಯಾವ ಮರುಮುದ್ರಣ ಹೇಗೆ ನುಡಿಯುತ್ತದೆ? ಮುಂಬೈನ ಸಿನಿಮಾ ವಾದಕ ಚರಣ್‌ಜಿತ್ ಸಿಂಗ್ ಅವರ 1982ರ ಎಲ್‌ಪಿ ಒಳ್ಳೆಯ ಪರೀಕ್ಷೆ. ರೋಲ್ಯಾಂಡ್ ಕಂಪನಿಯ ಎಲೆಕ್ಟ್ರಾನಿಕ್ ವಾದ್ಯಗಳಾದ ಜುಪಿಟರ್-8, ಟಿಬಿ-303, ಟಿಆರ್-808 ಮೂರನ್ನು ಕೂಡಿಸಿ ಹತ್ತು ರಾಗಗಳನ್ನು ಡಿಸ್ಕೊ ಲಯಕ್ಕೆ ಹಾಕಿದ ರೆಕಾರ್ಡ್ ಅದು. ಬಂದಾಗ ಯಾರೂ ಗಮನಿಸಲಿಲ್ಲ. 2010ರಲ್ಲಿ ಬಾಂಬೆ ಕನೆಕ್ಷನ್ ಎಂಬ ಡಚ್ ಲೇಬಲ್ ಮತ್ತೆ ತಂದಾಗ ಜಗತ್ತು ತಿರುಗಿ ನೋಡಿತು. ತಗ್ಗಿನ ಬಾಸ್, ಮೇಲಿನ ಚಿಟಿಕೆಯಂಥ ತಾಳ ಎರಡೂ ಒಟ್ಟೊಟ್ಟಿಗೇ ಇರುವುದರಿಂದ ಭಾರ ಕಡಿಮೆಯಾದ ಸೂಜಿ ಇಲ್ಲಿ ಕೂಡಲೇ ಸಿಕ್ಕಿಬೀಳುತ್ತದೆ. ಗಾಯಕಿ ರೂಪಾ ಅವರ ‘ಡಿಸ್ಕೊ ಜಾಜ್’ ಕೂಡ 1982ರದೇ. ಕೆನಡಾದ ಕ್ಯಾಲ್ಗರಿಯಲ್ಲಿ ಧ್ವನಿಮುದ್ರಣ, ಸರೋದ್ ಆಶಿಷ್ ಖಾನ್. 2019ರಲ್ಲಿ ನ್ಯೂಮರೊ ಗ್ರೂಪ್ ಮರುಮುದ್ರಿಸಿತು. ಇದರಲ್ಲಿ ಆಲಿಸಬೇಕಾದ್ದು ಸರೋದಿನ ಮೀಟು: ಎಲಿಪ್ಟಿಕಲ್ ಸೂಜಿಯಲ್ಲಿ ಗಿಟಾರಿನೊಳಗೆ ಕರಗುತ್ತದೆ, ಎಂಎಲ್‌ನಲ್ಲಿ ಬೇರೆಯಾಗಿ ನಿಲ್ಲುತ್ತದೆ.

ಕೊಳ್ಳುವಾಗ 180 ಗ್ರಾಂ ಎಂಬ ಸ್ಟಿಕ್ಕರ್ ನೋಡಿ ಮರುಳಾಗಬೇಡಿ. ದಪ್ಪಕ್ಕೂ ನಾದಕ್ಕೂ ನೇರ ಸಂಬಂಧವಿಲ್ಲ, ದಪ್ಪ ತಟ್ಟೆಯೂ ಸೊಟ್ಟಗಾಗುತ್ತದೆ. ಕೇಳಬೇಕಾದ ಪ್ರಶ್ನೆ, ಯಾವ ಮೂಲದಿಂದ ಗೆರೆ ಕೊರೆದದ್ದು ಎಂಬುದು: ಮಾಸ್ಟರ್ ಟೇಪೋ, ಹಳೆ ರೆಕಾರ್ಡನ್ನೇ ನುಡಿಸಿ ಇಳಿಸಿಕೊಂಡದ್ದೋ, ಸಿಡಿಯೋ. ಒಳ್ಳೆಯ ಲೇಬಲ್‌ಗಳು ಇದನ್ನು ಕವರ್ ಮೇಲೆ ಬರೆಯುತ್ತವೆ. ಟೇಪ್ ಕಳೆದುಹೋಗಿದ್ದರೆ ರೆಕಾರ್ಡಿನಿಂದ ಇಳಿಸಿದ್ದು ತಪ್ಪೇನಲ್ಲ, ಮುಚ್ಚಿಟ್ಟರೆ ತಪ್ಪು. ಹಾಡುಗಳ ನಡುವಿನ ಮೌನದಲ್ಲಿ ಸುಸ್ಸೆನ್ನುವ ಹಿಸ್ ಇದ್ದರೆ ಟೇಪ್ ಇರಬಹುದು. ಪ್ರತಿ ಸಲವೂ ಅದೇ ಜಾಗದಲ್ಲಿ ಮೆತ್ತಗಿನ ಚಟ್ ಕೇಳಿ, ತಟ್ಟೆಯ ಮೇಲೆ ಗೀರು ಕಾಣದಿದ್ದರೆ ಅದು ಹಳೆ ಪ್ರತಿಯ ಗೀರು.

ಹಳೆ ಎಚ್‌ಎಂವಿ ಎಲ್‌ಪಿಗಳಲ್ಲಿ ಕ್ರಮಸಂಖ್ಯೆ ಇಸಿಎಲ್‌ಪಿ ಎಂದು ಶುರುವಾದರೆ ಮೊನೊ, ಇಸಿಎಸ್‌ಡಿ ಆದರೆ ಸ್ಟೀರಿಯೊ. ಮೊನೊ ರೆಕಾರ್ಡನ್ನು ಸ್ಟೀರಿಯೊ ಸೂಜಿಯಲ್ಲಿ ನುಡಿಸುವಾಗ ಆಂಪ್ಲಿಫೈಯರಿನ ಮೊನೊ ಗುಂಡಿ ಒತ್ತಿ. ಮೊನೊ ಗೆರೆಯಲ್ಲಿ ಸಂಗೀತ ಅಡ್ಡಡ್ಡ ಚಲನೆಯಲ್ಲಿ ಮಾತ್ರ ಇರುತ್ತದೆ. ಮೇಲೆ-ಕೆಳಗಿನ ಚಲನೆ ಬರೀ ಧೂಳು, ಸವಕಲಿನದು. ಎರಡೂ ಚಾನಲ್ ಕೂಡಿದಾಗ ಅದು ರದ್ದಾಗಿ ಚಟಪಟ ಗಣನೀಯವಾಗಿ ತಗ್ಗುತ್ತದೆ.

ತೊಳೆಯಲು ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ ಪಾತ್ರೆ ತೊಳೆಯುವ ದ್ರವದ ಎರಡು ಮೂರು ಹನಿ, ಜಿಡ್ಡಿದ್ದರೆ ಶೇಕಡಾ 10ರಷ್ಟು ಐಸೊಪ್ರೊಪೈಲ್ ಆಲ್ಕೋಹಾಲ್. ಕೊನೆಗೆ ಬರೀ ಡಿಸ್ಟಿಲ್ಡ್ ನೀರಿನಲ್ಲಿ ಜಾಲಿಸಬೇಕು, ಇಲ್ಲದಿದ್ದರೆ ಒಣಗಿದ ಸೋಪೇ ಸದ್ದು ಮಾಡುತ್ತದೆ. ಬೋರ್‌ವೆಲ್ ನೀರು ಬೇಡ, ಸುಣ್ಣ ಗೆರೆಯಲ್ಲಿ ಕೂರುತ್ತದೆ. 78ರ ಪ್ಲೇಟುಗಳಿಗೆ ಮಾತ್ರ ಆಲ್ಕೋಹಾಲ್ ತೋರಿಸಲೇಬಾರದು. ಅವು ಅರಗಿನವು, ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ.

ಅದೇ 78ರ ವಿಷಯಕ್ಕೆ ಬಂದರೆ, ಮಾಮೂಲಿ ಸೂಜಿ ಇಲ್ಲಿ ನಡೆಯುವುದಿಲ್ಲ. ಆ ಗೆರೆ ಎಲ್‌ಪಿಯದಕ್ಕಿಂತ ಸುಮಾರು ಮೂರು ಪಟ್ಟು ಅಗಲ, ಸಣ್ಣ ಮೊನೆ ತಳದ ಕಸದಲ್ಲಿ ಹೊರಳುತ್ತದೆ. ವಿಎಂ95ಎಸ್‌ಪಿ ಇದಕ್ಕೆಂದೇ ಮಾಡಿದ 3 ಮಿಲ್ (ಒಂದು ಮಿಲ್ ಅಂದರೆ ಇಂಚಿನ ಸಾವಿರದಲ್ಲೊಂದು ಪಾಲು) ಸೂಜಿ. ಅದರ ಭಾರ 5 ಗ್ರಾಂ, ಆದರೆ ಈ ಆರ್ಮ್‌ನ ಗುರುತು 4ಕ್ಕೆ ಮುಗಿಯುತ್ತದೆ. ಗುರುತು ದಾಟಿ ತಿರುಗಿಸಿ, ತಕ್ಕಡಿ ನೋಡಿ ನಿಲ್ಲಿಸಬೇಕು. ಎಲ್‌ಪಿಗೆ ಮರಳುವಾಗ ಭಾರ ಇಳಿಸುವುದನ್ನು ಮರೆಯದಿರಲು ಒಂದು ಚೀಟಿ ಅಂಟಿಸಿಟ್ಟರೆ ಒಳ್ಳೆಯದು. ಪಿಚ್ ಸ್ಲೈಡರ್‌ಗೆ ನಿಜವಾದ ಕೆಲಸ ಸಿಗುವುದೂ ಇಲ್ಲೇ. ಹಳೆ ಪ್ಲೇಟುಗಳೆಲ್ಲ ಸರಿಯಾಗಿ 78ರಲ್ಲೇ ಮುದ್ರಣವಾದವಲ್ಲ. ಗಂಗೂಬಾಯಿ ಹಾನಗಲ್ ಅವರು 1930ರ ದಶಕದಲ್ಲಿ ಗಾಂಧಾರಿ ಎಂಬ ಹೆಸರಿನಲ್ಲಿ ಎಚ್‌ಎಂವಿಗೆ ಹಾಡಿದ ಮೂರು ಮಿನಿಟಿನ ಪ್ಲೇಟುಗಳಂಥವನ್ನು ಕೇಳುವಾಗ, ವೇಗ ಶೇಕಡಾ 6 ತಪ್ಪಿದರೆ ಶ್ರುತಿ ಅರ್ಧ ಮನೆ (ಹಾರ್ಮೋನಿಯಂನ ಪಕ್ಕದ ಕೀಲಿಯಷ್ಟು) ಸರಿದು ದನಿಯ ಸ್ವಭಾವವೇ ಬೇರೆಯಾಗುತ್ತದೆ. ಪಕ್ಕವಾದ್ಯದ ಹಾರ್ಮೋನಿಯಂ ಕೇಳುವಂತಿದ್ದರೆ ಅದರ ಷಡ್ಜವನ್ನು ಟ್ಯೂನರ್ ಆ್ಯಪ್‌ನಲ್ಲಿ ಹಿಡಿದು, ಹತ್ತಿರದ ಮನೆಗೆ ಬರುವಂತೆ ಸ್ಲೈಡರ್ ಸರಿಸಿ. ಅಂದಾಜೇ ಆದರೂ ಬರೀ 78ನ್ನು ನಂಬುವುದಕ್ಕಿಂತ ಮೇಲು.

(ಮರುಮುದ್ರಣ ವಿನೈಲ್‌ನಲ್ಲೇ ಬರಬೇಕೆಂದು ಹಟ ಹಿಡಿಯುವವರಿಗೆ ಒಂದು ಮಾತು. ರಷ್ಯಾದ ಸಂಗೀತಕಾರ ನಿಕೊಲಾಯ್ ಮೆಡ್ಟ್ನರ್ ತಮ್ಮ ಕೃತಿಗಳನ್ನು ತಾವೇ ನುಡಿಸಿದ 78ರ ಸೆಟ್‌ಗಳು ಲಂಡನ್ನಿನಲ್ಲಿ ಮುದ್ರಣವಾದದ್ದು ಮೈಸೂರಿನ ಜಯಚಾಮರಾಜ ಒಡೆಯರ ಹಣದಿಂದ. ಅವು ಹೆಚ್ಚಿನ ಕೇಳುಗರಿಗೆ ಮತ್ತೆ ಸಿಕ್ಕಿದ್ದು ಸಿಡಿಯಲ್ಲಿ.)

ಸೂಜಿಯ ಕ್ಷೀಣ ಸಂಕೇತವನ್ನು ಹಿಗ್ಗಿಸಲು ಒಳಗಿರುವ ಫೋನೋ ಪ್ರೀಆಂಪ್ ಶುರುವಿಗೆ ಸಾಕು. ಹಿಂದಿನ ಸ್ವಿಚ್ ಲೈನ್‌ನಲ್ಲಿದ್ದಾಗ ಆಂಪ್ಲಿಫೈಯರಿನ ಫೋನೋ ಸಾಕೆಟ್ಟಿಗೆ ಜೋಡಿಸಿದರೆ ಕಿವಿ ಹರಿಯುವಂತೆ ಒಡೆದ ಸದ್ದು. ಸ್ವಿಚ್ ಫೋನೋದಲ್ಲಿದ್ದು ತಂತಿ ಆಕ್ಸ್ ಸಾಕೆಟ್ಟಿಗೆ ಹೋದರೆ ಸೊಳ್ಳೆಯ ದನಿ. ಕೆಟ್ಟಿದೆ ಎಂದು ವಾಪಸು ಕಳಿಸುವ ಮೊದಲು ಇದನ್ನೊಮ್ಮೆ ನೋಡಿ. 78ಕ್ಕೆ ಈ ಪ್ರೀಆಂಪ್‌ನಿಂದ ಒಂದು ತೊಡಕಿದೆ. ಮುದ್ರಿಸುವಾಗ ಏರಿಸಿದ ಮೇಲಿನ ಸ್ವರಗಳನ್ನು ಮರಳಿ ಇಳಿಸಲು ಎಲ್‌ಪಿಗೆಂದು ಮಾಡಿದ ಆರ್‌ಐಎಎ ತಿದ್ದುಪಡಿ 10 ಕಿಲೊಹರ್ಟ್ಸ್‌ನಲ್ಲಿ ಸುಮಾರು 13.7 ಡೆಸಿಬೆಲ್ ತಗ್ಗಿಸುತ್ತದೆ. ಹಳೆ ಎಚ್‌ಎಂವಿ ಪ್ಲೇಟುಗಳಲ್ಲಿ ಆ ಮೇಲಿನ ಸ್ವರಗಳನ್ನು ಮೊದಲೇ ಏರಿಸಿರುವುದಿಲ್ಲ. ಹೀಗಾಗಿ ಹಾಡು ಕಂಬಳಿ ಹೊದ್ದಂತೆ ಕೇಳುತ್ತದೆ. ಯುಎಸ್‌ಬಿ ಮೂಲಕ ಕಂಪ್ಯೂಟರಿನ ಆಡಾಸಿಟಿ ತಂತ್ರಾಂಶದಲ್ಲಿ ಇಳಿಸಿಕೊಂಡು, 2 ಕಿಲೊಹರ್ಟ್ಸ್‌ನಿಂದ ಮೇಲಕ್ಕೆ ಹಂತಹಂತವಾಗಿ ಏರಿಸಿ, 6 ಅಥವಾ 7 ಕಿಲೊಹರ್ಟ್ಸ್‌ನ ಮೇಲೆ ಕತ್ತರಿಸಿ, ಏಕೆಂದರೆ ಅಲ್ಲಿಂದಾಚೆ ಉಳಿದಿರುವುದು ಹೆಚ್ಚಾಗಿ ಕೆರೆತವೇ. ಯುಎಸ್‌ಬಿ ಕೊಡುವುದು 16 ಬಿಟ್, 48 ಕಿಲೊಹರ್ಟ್ಸ್‌ವರೆಗೆ. ಪ್ಲೇಟಿಗೆ ಅಷ್ಟು ಧಾರಾಳ. ತಿದ್ದದ ಮೂಲ ಕಡತವನ್ನೂ ಬೇರೆ ಉಳಿಸಿಕೊಳ್ಳಿ, ಹೆಸರಿನಲ್ಲಿ ಲೇಬಲ್ ಹತ್ತಿರ ಕೆತ್ತಿರುವ ಮ್ಯಾಟ್ರಿಕ್ಸ್ ಸಂಖ್ಯೆ ಮತ್ತು ಸ್ಲೈಡರ್ ಎಷ್ಟಕ್ಕಿತ್ತು ಎಂಬುದನ್ನು ಸೇರಿಸಿ.