ಟಚ್‌ಪ್ಯಾಡ್ ಕೈಕೊಟ್ಟಾಗ: ಒಂದು ಕೀಬೋರ್ಡ್, ಮೂರು ಮೌಸ್, ಕೊನೆಗೆ ರಿಪೇರಿ

ಜಿಎಸ್‌ಟಿಆರ್-3ಬಿ, ಅಂದರೆ ತಿಂಗಳ ಜಿಎಸ್‌ಟಿ ರಿಟರ್ನ್, ತುಂಬಲು ನಾನು ಲೆಕ್ಕ ನೋಡುವ ಅಂಗಡಿಯವರಿಗೆ ಕೊನೆಯ ದಿನ 20ನೇ ತಾರೀಖು. ಅವತ್ತೇ ರಾತ್ರಿ ಎಂಟು ಗಂಟೆಗೆ, ಇನ್ನೂ ನಾಲ್ಕು ಜನರ ರಿಟರ್ನ್ ಬಾಕಿ ಇರುವಾಗ ನನ್ನ ಲ್ಯಾಪ್‌ಟಾಪ್‌ನ ಟಚ್‌ಪ್ಯಾಡ್ ನಿಂತುಹೋಯಿತು. ಕರ್ಸರ್ ಸ್ಕ್ರೀನ್ ನಡುವೆ ಕೂತಿದ್ದು ಕೂತೇ ಬಿಟ್ಟಿತು. ಬೆರಳು ಒರೆಸಿಕೊಂಡೆ, ಪ್ಯಾಡ್ ಒರೆಸಿದೆ, ಸ್ವಲ್ಪ ಬೈದೆ. ಏನೂ ಆಗಲಿಲ್ಲ. ಅಲ್ಲಿಂದ ಮೂರು ತಿಂಗಳು ಒಂದೊಂದೇ ದಾರಿ ಹಿಡಿದು ನೋಡಿದ್ದೇನೆ. ಯಾವುದು ಎಷ್ಟು ಕೆಲಸಕ್ಕೆ ಬಂತು ಅನ್ನುವುದು ಇಲ್ಲಿದೆ.

ಮೊದಲು ಹಿಡಿದದ್ದು ಕೀಬೋರ್ಡ್, ಯಾಕೆಂದರೆ ಅದು ಪುಕ್ಕಟೆ. ವಿಂಡೋಸ್‌ನಲ್ಲಿ ಎಡಗಡೆಯ ಆಲ್ಟ್, ಎಡಗಡೆಯ ಶಿಫ್ಟ್, ನಂ ಲಾಕ್ ಮೂರನ್ನೂ ಒಟ್ಟಿಗೆ ಒತ್ತಿದರೆ ‘ಮೌಸ್ ಕೀಸ್’ ಆನ್ ಮಾಡಲೇ ಅಂತ ಕೇಳುತ್ತದೆ. ಎಂಟರ್ ಒತ್ತಿದರೆ ಬಲಗಡೆಯ ನಂಬರ್ ಕೀಗಳೇ ಮೌಸ್ ಆಗುತ್ತವೆ. 8 ಮೇಲೆ, 2 ಕೆಳಗೆ, 4 ಎಡಕ್ಕೆ, 6 ಬಲಕ್ಕೆ, 5 ಒತ್ತಿದರೆ ಕ್ಲಿಕ್. ಕೇಳೋಕೆ ಚೆನ್ನಾಗಿದೆ, ಅಲ್ವಾ? ಎತ್ತಿನ ಗಾಡಿ ಸ್ವಾಮಿ ಅದು. ಬೇಡ ಅಂತ ಟ್ಯಾಬ್ ಒತ್ತುತ್ತಾ ಹೋದರೆ ಬೇಕಾದ ಬಾಕ್ಸ್ ದಾಟಿ ಮುಂದೆ ಹೋಗಿರುತ್ತೇನೆ. ಒಂದೇ ಒಂದು ರಿಟರ್ನ್‌ಗೆ ಮುಕ್ಕಾಲು ಗಂಟೆ ಹಿಡಿಯಿತು. ಅದೂ ನನ್ನದು ದೊಡ್ಡ ಲ್ಯಾಪ್‌ಟಾಪ್, ನಂಬರ್ ಪ್ಯಾಡ್ ಇದೆ. ಚಿಕ್ಕ ಲ್ಯಾಪ್‌ಟಾಪ್‌ಗಳಲ್ಲಿ ಬಹಳಷ್ಟಕ್ಕೆ ಅದೂ ಇರುವುದಿಲ್ಲ.

ಒಂಬತ್ತು ಗಂಟೆಗೆ ಪಕ್ಕದ ಮನೆಯ ಹುಡುಗನ ಹತ್ತಿರ ವೈರ್ ಮೌಸ್ ಕೇಳಿ ತಂದೆ. ಚುಚ್ಚಿದೆ, ನಡೆಯಿತು. ಡ್ರೈವರ್ ಸಾಫ್ಟ್‌ವೇರ್ ಬೇಡ, ಸೆಲ್ ಬೇಡ, ಹೊಂದಿಸುವುದು ಬೇಡ. ಉಳಿದ ಮೂರೂ ರಿಟರ್ನ್ ಹತ್ತೂವರೆಯೊಳಗೆ ಮುಗಿದವು. ಅದರ ತೊಂದರೆ ಒಂದೇ, ವೈರು. ಟೇಬಲ್ ಮೇಲೆ ಫೈಲು, ಕಾಫಿ ಲೋಟ, ಕ್ಯಾಲ್ಕ್ಯುಲೇಟರ್ ಎಲ್ಲಾ ಇರುವಾಗ ಅದು ಯಾವುದಕ್ಕಾದರೂ ಸಿಕ್ಕಿಕೊಳ್ಳುತ್ತದೆ.

ಹಾಗಾಗಿ ಡಾಂಗಲ್ ಮೌಸ್ ತಂದೆ, 650 ರೂಪಾಯಿ. ವೈರಿನ ಬದಲು ಯುಎಸ್‌ಬಿ ಪೋರ್ಟ್‌ಗೆ ಚುಚ್ಚುವ ಪುಟ್ಟ ರಿಸೀವರೇ ಡಾಂಗಲ್. ಮೊದಲ ದಿನವೇ ಕರ್ಸರ್ ತಡವರಿಸಲು ಶುರು. ಎಳೆದರೆ ಒಂದು ಕ್ಷಣ ನಿಂತು ಆಮೇಲೆ ಜಿಗಿಯುತ್ತದೆ. ಸೆಲ್ ಬದಲಿಸಿದೆ, ಅಂಗಡಿಗೆ ವಾಪಸ್ ಕೊಡಲೂ ಹೊರಟಿದ್ದೆ. ಆಮೇಲೆ ನೋಡಿದರೆ ತಪ್ಪು ಮೌಸ್‌ದಲ್ಲ. ಡಾಂಗಲ್ ಪಕ್ಕದ ಯುಎಸ್‌ಬಿ 3 ಪೋರ್ಟ್‌ನಲ್ಲಿ ಬ್ಯಾಕಪ್ ಹಾರ್ಡ್ ಡಿಸ್ಕ್ ಸಿಕ್ಕಿಸಿದ್ದೆ. ಈ ಮೌಸ್‌ಗಳು ಮಾತಾಡುವುದು 2.4 ಗಿಗಾಹರ್ಟ್ಸ್‌ನಲ್ಲಿ, ಯುಎಸ್‌ಬಿ 3 ಕೆಲಸ ಮಾಡುವಾಗ ಅದೇ ಜಾಗದಲ್ಲಿ ರೇಡಿಯೋ ಗದ್ದಲ ಎಬ್ಬಿಸುತ್ತದೆ. ಇಂಟೆಲ್ ಕಂಪನಿಯೇ 2012ರಲ್ಲಿ ಇದನ್ನು ಬರೆದು ಪ್ರಕಟಿಸಿದೆ. ಡಾಂಗಲ್ ತೆಗೆದು ಇನ್ನೊಂದು ಬದಿಯ ಪೋರ್ಟ್‌ಗೆ ಹಾಕಿದ ಮೇಲೆ ಬೆಣ್ಣೆಯ ಹಾಗೆ ಓಡಿತು. ಡಾಂಗಲ್ ಕಳೆದರೆ ಮಾತ್ರ ಮೌಸ್ ಕಥೆ ಮುಗಿದಂತೆ. ಹುಣಸೆ ಬೀಜದಷ್ಟಿರುವ ವಸ್ತು, ನನ್ನದು ಎರಡು ಸಲ ಕಸದ ಮೊರದಲ್ಲಿ ಸಿಕ್ಕಿದೆ.

ಬ್ಲೂಟೂತ್ ಮೌಸ್ ನನ್ನದಲ್ಲ, ತಂಗಿಯದು, ಹದಿನೈದು ದಿನ ಇಟ್ಟುಕೊಂಡಿದ್ದೆ. ಪೋರ್ಟ್ ಉಳಿಯುತ್ತದೆ, ಕೆಳಗಿನ ಬಟನ್ ಒತ್ತಿದರೆ ಟ್ಯಾಬ್ಲೆಟ್‌ಗೂ ಹೊಂದಿಕೊಳ್ಳುತ್ತದೆ. ಆದರೆ ಸ್ವಲ್ಪ ಹೊತ್ತು ಬಿಟ್ಟರೆ ನಿದ್ದೆ ಹೋಗುತ್ತದೆ, ಎಬ್ಬಿಸಲು ಎರಡು ಮೂರು ಸಲ ಅಲ್ಲಾಡಿಸಬೇಕು. ಒಂದು ಬೆಳಿಗ್ಗೆ ಲ್ಯಾಪ್‌ಟಾಪ್‌ಗೆ ಅದರ ಗುರುತೇ ಸಿಗಲಿಲ್ಲ. ಮತ್ತೆ ಜೋಡಿಸಲು ಸೆಟ್ಟಿಂಗ್ಸ್‌ಗೆ ಹೋಗಬೇಕು, ಅಲ್ಲಿ ಕ್ಲಿಕ್ ಮಾಡಲು ಮೌಸ್ ಬೇಕು. ಬೀಗದ ಕೈ ಮನೆಯೊಳಗೆ ಬಿಟ್ಟು ಬಾಗಿಲು ಹಾಕಿಕೊಂಡ ಹಾಗೆ! ಟಚ್‌ಪ್ಯಾಡ್ ಸರಿ ಇರುವವರಿಗೆ ಬ್ಲೂಟೂತ್ ಒಳ್ಳೆಯದು. ಅದು ಕೆಟ್ಟಿರುವವರಿಗೆ ಬೇಡ.

ಇನ್ನು ಟಚ್‌ಪ್ಯಾಡ್ ಅನ್ನೇ ಸರಿ ಮಾಡುವ ದಾರಿ. ಬಿಡುವಾದಾಗಲೆಲ್ಲ ಒಂದಿಷ್ಟು ನೋಡಿದೆ. ಎಫ್ ಕೀಗಳ ಸಾಲಿನಲ್ಲಿ ಟಚ್‌ಪ್ಯಾಡ್ ಚಿತ್ರ ಇರುವ ಕೀ ಕೈತಪ್ಪಿ ಒತ್ತಿಹೋಗಿದ್ದರೆ ಅಷ್ಟಕ್ಕೇ ಬಂದ್ ಆಗಿರುತ್ತದೆ. ಎಚ್‌ಪಿಯ ಕೆಲವು ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಪ್ಯಾಡ್‌ನ ಎಡ ಮೇಲ್ಮೂಲೆಯಲ್ಲಿ ಎರಡು ಸಲ ತಟ್ಟಿದರೂ ಹಾಗೇ. ನನ್ನದು ಅದಲ್ಲ. ಶಟ್ ಡೌನ್ ಮಾಡಿ ಆನ್ ಮಾಡಿದೆ, ಊಹುಂ. ರೀಸ್ಟಾರ್ಟ್ ಮಾಡಿದೆ, ಬಂತು! ಎರಡೂ ಒಂದೇ ಅಂದುಕೊಂಡಿದ್ದೆ. ವಿಂಡೋಸ್‌ನಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಆನ್ ಇದ್ದರೆ ಶಟ್ ಡೌನ್ ಮಾಡಿದರೂ ಒಳಗಿನ ಒಂದಿಷ್ಟು ಸ್ಥಿತಿ ಹಾಗೇ ಉಳಿಯುತ್ತದೆ, ಪೂರ್ತಿ ಹೊಸದಾಗಿ ಶುರುವಾಗುವುದು ರೀಸ್ಟಾರ್ಟ್‌ನಲ್ಲಿ. ಎರಡು ದಿನ ನಡೆದು ಮತ್ತೆ ನಿಂತಿತು. ಡಿವೈಸ್ ಮ್ಯಾನೇಜರ್‌ಗೆ ಹೋಗಿ ಟಚ್‌ಪ್ಯಾಡ್ ಅನ್‌ಇನ್‌ಸ್ಟಾಲ್ ಮಾಡಿ ಇನ್ನೊಮ್ಮೆ ರೀಸ್ಟಾರ್ಟ್ ಮಾಡಿದೆ. ಅದೂ ಒಂದು ವಾರ.

ಚಾರ್ಜರ್ ಹಾಕಿದಾಗ ಮಾತ್ರ ಕರ್ಸರ್ ಕುಣಿಯುತ್ತದೆ, ಕೈ ಇಟ್ಟರೆ ಜುಮ್ ಅನ್ನುತ್ತದೆ ಅನ್ನುವವರು ಮೊದಲು ಸಾಕೆಟ್‌ನ ಅರ್ಥಿಂಗ್ ನೋಡಿಸಿ. ಹಳೆಯ ಮನೆಗಳಲ್ಲಿ ಇದು ಜಾಸ್ತಿ, ಡ್ರೈವರ್ ಬದಲಿಸಿ ಪ್ರಯೋಜನವಿಲ್ಲ.

ನನಗೆ ಉತ್ತರ ಸಿಕ್ಕಿದ್ದು ಟೇಬಲ್ ಒರೆಸುವಾಗ. ಲ್ಯಾಪ್‌ಟಾಪ್ ಸಮನಾಗಿ ಕೂರದೆ ಒಂದು ಕಡೆ ಅಲುಗಾಡುತ್ತಿತ್ತು. ಬಗ್ಗಿ ನೋಡಿದರೆ ಟಚ್‌ಪ್ಯಾಡ್‌ನ ಬಲ ಅಂಚು ಎಟಿಎಂ ಕಾರ್ಡ್ ದಪ್ಪದಷ್ಟು ಮೇಲೆದ್ದಿದೆ, ಒತ್ತಿದರೆ ಟಕ್ ಅನ್ನುವ ಸದ್ದೇ ಇಲ್ಲ. ಮೊದಲು ಹೋದ ಅಂಗಡಿಯವರು ಬಿಚ್ಚದೆಯೇ ‘ಟಚ್‌ಪ್ಯಾಡ್ ಹೋಗಿದೆ ಸಾರ್, 3,500 ಆಗುತ್ತೆ’ ಅಂದರು. ಎರಡನೆಯವರು ಕೆಳಗಿನ ಮುಚ್ಚಳ ತೆಗೆದು ನನ್ನನ್ನೇ ಕರೆದು ತೋರಿಸಿದರು. ಬ್ಯಾಟರಿ ಪೂರಿ ಹಾಗೆ ಉಬ್ಬಿ ಟಚ್‌ಪ್ಯಾಡ್ ಅನ್ನು ಕೆಳಗಿನಿಂದ ನೂಕುತ್ತಿತ್ತು. ಲಿಥಿಯಂ ಬ್ಯಾಟರಿ ಹಳತಾದರೆ ಒಳಗೆ ಗ್ಯಾಸ್ ತುಂಬಿಕೊಂಡು ಹೀಗಾಗುವುದುಂಟು. ಚುಚ್ಚಿದರೆ, ಒತ್ತಿ ಕೂರಿಸಲು ಹೋದರೆ ಬೆಂಕಿ ಹತ್ತಬಹುದು. ‘ಇದನ್ನು ಚಾರ್ಜ್‌ಗೆ ಹಾಕ್ತಾ ಇದ್ರಾ?’ ಅಂತ ಕೇಳಿದರು. ಮೂರು ತಿಂಗಳಿಂದ ದಿನಾ ರಾತ್ರಿ ಹಾಕಿ ಮಲಗುತ್ತಿದ್ದೆ ಅಂತ ಹೇಳಲು ಬಾಯಿ ಬರಲಿಲ್ಲ. ಹೊಸ ಬ್ಯಾಟರಿಗೆ 2,900. ಟಚ್‌ಪ್ಯಾಡ್‌ಗೆ ಏನೂ ಆಗಿರಲಿಲ್ಲ, ತಾನಾಗೇ ತನ್ನ ಜಾಗದಲ್ಲಿ ಕೂತಿತು.

ನನ್ನ ಲೆಕ್ಕ ಇಷ್ಟು. ಮೌಸ್ ತರುವ ಮೊದಲು ಲ್ಯಾಪ್‌ಟಾಪ್ ಅನ್ನು ಸಮನಾದ ಟೇಬಲ್ ಮೇಲಿಟ್ಟು ಅಲುಗಾಡಿಸಿ ನೋಡಿ. ಮೌಸ್ ಸಿಕ್ಕಿದ್ದರಿಂದಲೇ ನಾನು ಇಷ್ಟು ದಿನ ಸುಮ್ನೆ ಇದ್ದದ್ದು. ದಿನದ ಕೆಲಸಕ್ಕೆ ಡಾಂಗಲ್ ಮೌಸ್, ಬ್ಯಾಗ್‌ನಲ್ಲಿ ಆಪತ್ತಿಗೆ ವೈರ್ ಮೌಸ್. ಬ್ಯಾಗ್‌ನಲ್ಲಿರುವುದು ಪಕ್ಕದ ಮನೆಯ ಹುಡುಗನದೇ, ಮೊನ್ನೆ ಗೇಟ್ ಹತ್ತಿರ ಸಿಕ್ಕು ‘ಅಂಕಲ್, ಮೌಸ್?’ ಅಂದ. ಈ 20ನೇ ತಾರೀಖು ಕಳೆಯಲಿ ಮಾರಾಯ ಅಂದಿದ್ದೇನೆ.