ಪಟ್ಟಿಯಲ್ಲಿ ಯೂನಿವರ್ಸಿಟಿ ಹೆಸರಿತ್ತು, ಆದರೂ ಸಾಲ ಇಲ್ಲ ಅಂದರು

ಅಮೆರಿಕದಲ್ಲಿ ಹುಟ್ಟಿ ಬೆಳೆದ ಮಕ್ಕಳನ್ನು ಇಂಗ್ಲೆಂಡಿಗೋ ಐರ್ಲೆಂಡಿಗೋ ಓದಲು ಕಳಿಸುವ ಯೋಚನೆ ಇದೆಯಾ? ಖರ್ಚಿಗೆ ಅಮೆರಿಕ ಸರ್ಕಾರದ ಸ್ಟೂಡೆಂಟ್ ಲೋನ್ ನಂಬಿಕೊಂಡಿದ್ದೀರಾ? ಹಾಗಿದ್ದರೆ ಸೀಟಿನ ಡಿಪಾಸಿಟ್ ಕಟ್ಟುವ ಮೊದಲು ಇದನ್ನೊಮ್ಮೆ ಓದಿಬಿಡಿ. ನಾವು ಕಟ್ಟಿದ ಮೇಲೆ ತಿಳಿದುಕೊಂಡೆವು.

ನಾವಿರುವುದು ಡಲ್ಲಾಸ್ ಹತ್ತಿರ. ಮಗಳು 2024ರ ಮೇ ತಿಂಗಳಲ್ಲಿ ಡಿಗ್ರಿ ಮುಗಿಸಿದಳು. ಅಷ್ಟರಲ್ಲೇ ಇಂಗ್ಲೆಂಡಿನ ಉತ್ತರ ಭಾಗದ ಒಂದು ಯೂನಿವರ್ಸಿಟಿಯಲ್ಲಿ ಪಬ್ಲಿಕ್ ಹೆಲ್ತ್ ಎಂಎಸ್ಸಿಗೆ ಸೀಟು ಸಿಕ್ಕಿತ್ತು. ಇಲ್ಲಿ ಎರಡು ವರ್ಷ ಬೇಕಾಗುವ ಮಾಸ್ಟರ್ಸ್ ಅಲ್ಲಿ ಒಂದೇ ವರ್ಷ. ಫೀಸ್ 21,000 ಪೌಂಡ್, ಬಾಡಿಗೆ ಊಟ ಎಲ್ಲ ಸೇರಿ ಇನ್ನೊಂದು 13,000. ಒಟ್ಟು 34,000 ಪೌಂಡ್. ಇಲ್ಲಿನ ಖರ್ಚಿಗೆ ಹೋಲಿಸಿದರೆ ಪರವಾಗಿಲ್ಲ ಅನ್ನಿಸಿತು. ಮೈಸೂರಿನಿಂದ ಅತ್ತೆ ಫೋನಲ್ಲಿ, "ಸರ್ಕಾರದ ಸಾಲ ಅಂದ್ಮೇಲೆ ಭಯ ಯಾಕಮ್ಮ" ಅಂದರು. ನಮಗೂ ಅದೇ ಧೈರ್ಯ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಅಮೆರಿಕದ ನಾಗರಿಕರು ಮತ್ತು ಗ್ರೀನ್ ಕಾರ್ಡ್ ಇರುವವರು ಹೊರದೇಶದ ಕೆಲವು ಯೂನಿವರ್ಸಿಟಿಗಳಲ್ಲಿ ಓದುವುದಕ್ಕೂ ಫೆಡರಲ್ ಸಾಲ, ಅಂದರೆ ಕೇಂದ್ರ ಸರ್ಕಾರದ ಸಾಲ, ತೆಗೆಯಬಹುದು. ಎಚ್-4ನಲ್ಲಿ, ಅಂದರೆ ಅಪ್ಪ ಅಮ್ಮನ ಎಚ್-1ಬಿ ಕೆಲಸದ ವೀಸಾದ ಜೊತೆ ಬರುವ ವೀಸಾದಲ್ಲಿ ಇರುವ ಮಕ್ಕಳಿಗೆ ಇಲ್ಲ. ಇಲ್ಲಿ ಹಾಕುವ ಹಾಗೇ ಫಾಫ್ಸಾ ಅನ್ನುವ ಸರ್ಕಾರಿ ಅರ್ಜಿ ಹಾಕಬೇಕು. ಮಾಸ್ಟರ್ಸ್ ಓದುವವರನ್ನು ಸ್ವತಂತ್ರರು ಅಂತಲೇ ಲೆಕ್ಕ ಹಿಡಿಯುತ್ತಾರೆ, ಅಪ್ಪ ಅಮ್ಮನ ಆದಾಯ ಕೇಳುವುದಿಲ್ಲ. ಆಗ ಡೈರೆಕ್ಟ್ ಲೋನ್ ವರ್ಷಕ್ಕೆ 20,500 ಡಾಲರ್ ತನಕ ಸಿಗುತ್ತಿತ್ತು. ಮಿಕ್ಕಿದ್ದಕ್ಕೆ ಗ್ರಾಡ್ ಪ್ಲಸ್ ಅಂತ ಇನ್ನೊಂದು ಸಾಲ ಇತ್ತು, ಯೂನಿವರ್ಸಿಟಿ ತೋರಿಸುವ ಒಟ್ಟು ಖರ್ಚಿನ ತನಕ. ಪ್ಲಸ್‌ಗೆ ಕ್ರೆಡಿಟ್, ಅಂದರೆ ಹಳೆ ಸಾಲ ಸರಿಯಾಗಿ ಕಟ್ಟಿದ ದಾಖಲೆ ನೋಡುತ್ತಿದ್ದರು, ಸಂಬಳ ಕೇಳುತ್ತಿರಲಿಲ್ಲ. ವಾಪಸ್ ಕಟ್ಟಬೇಕಿಲ್ಲದ ಪೆಲ್ ಗ್ರಾಂಟ್ ಅನ್ನುವ ಸರ್ಕಾರಿ ಸಹಾಯ ಮಾತ್ರ ಹೊರದೇಶದ ಡಿಗ್ರಿಗೆ ಬರುವುದಿಲ್ಲ. ಅಲ್ಲಿಗೆ ಹೋದರೆ ಬರೀ ಸಾಲ, ಪುಕ್ಕಟೆ ದುಡ್ಡು ಏನೂ ಇಲ್ಲ.

ಇನ್ನು ನಮ್ಮ ಕಥೆ. ನಮ್ಮ ಪರಿಚಯದವರೊಬ್ಬರ ಮಗ 2021ರಲ್ಲಿ ಇದೇ ಸಾಲ ತೆಗೆದು ಇಂಗ್ಲೆಂಡಿನಲ್ಲಿ ಓದಿದ್ದ. ಕನ್ನಡ ಸಂಘದ ಯುಗಾದಿ ಊಟದ ಸಾಲಿನಲ್ಲಿ ತಟ್ಟೆ ಹಿಡಿದುಕೊಂಡು ಅವರನ್ನು ಕೇಳಿದೆ. "ಸರ್ಕಾರದ ವೆಬ್‌ಸೈಟಲ್ಲಿ ಲಿಸ್ಟ್ ಇದೆ, ಅದರಲ್ಲಿ ಯೂನಿವರ್ಸಿಟಿ ಹೆಸರಿದ್ರೆ ಆಯ್ತು, ತಲೆ ಕೆಡಿಸ್ಕೋಬೇಡಿ" ಅಂದರು. ಮನೆಗೆ ಬಂದು ನೋಡಿದೆವು. ಹೆಸರಿತ್ತು. ಫಾಫ್ಸಾದಲ್ಲಿ ಹಾಕಲು ಜಿ ಅಕ್ಷರದಿಂದ ಶುರುವಾಗುವ ಕೋಡ್ ಕೂಡ ಇತ್ತು. ಮುಗಿಯಿತಲ್ಲ, ಇನ್ನೇನು ಬೇಕು?

ನಡುವೆ ಒಂದು ಮಾತು. ಆ ಪಟ್ಟಿಯಲ್ಲಿ ಕೆಲವು ಹೆಸರುಗಳ ಮುಂದೆ ಬರೀ ಡಿಫರ್‌ಮೆಂಟ್‌ಗೆ ಮಾತ್ರ ಅಂತ ಇರುತ್ತದೆ. ಅಂದರೆ ಅಲ್ಲಿ ಓದುವಾಗ ಹಳೆ ಸಾಲದ ಕಂತು ಮುಂದಕ್ಕೆ ಹಾಕಬಹುದು, ಹೊಸ ಸಾಲ ಸಿಗುವುದಿಲ್ಲ. ಹೆಸರು ಕಂಡ ಕೂಡಲೇ ಕುಣಿಯಬೇಡಿ, ಪಕ್ಕದಲ್ಲಿ ಏನು ಬರೆದಿದೆ ಅಂತ ನೋಡಿ. ಇದೊಂದನ್ನು ನಾವು ನೋಡಿದ್ದೆವು. ನೋಡದೇ ಇದ್ದದ್ದು ಬೇರೆ.

ಆ ವರ್ಷ ಫಾಫ್ಸಾ ಬೇರೆ ಕೈಕೊಟ್ಟಿತ್ತು. ಅಕ್ಟೋಬರಿನಲ್ಲಿ ತೆರೆಯಬೇಕಾದ ಫಾರಂ 2023ರ ಡಿಸೆಂಬರ್ ಕೊನೆಗೆ ತೆರೆಯಿತು, ಅದೂ ಕುಂಟುತ್ತಾ ಕುಂಟುತ್ತಾ. ಯೂನಿವರ್ಸಿಟಿಗಳ ಕೈಗೆ ಮಾಹಿತಿ ಸೇರಲು ಶುರುವಾದದ್ದೇ ಮಾರ್ಚ್‌ನಲ್ಲಿ. ಹಾಗಾಗಿ ಇಂಗ್ಲೆಂಡಿನ ಆಫೀಸಿನವರು "ನಿಮ್ಮ ಅರ್ಜಿ ಬೇಸಿಗೆಯಲ್ಲಿ ನೋಡುತ್ತೇವೆ" ಅಂದಾಗ ನಮಗೇನೂ ಅನುಮಾನ ಬರಲಿಲ್ಲ. ಎಲ್ಲರಿಗೂ ತಡ, ನಮಗೂ ತಡ ಅಂದುಕೊಂಡೆವು. ಆದರೆ ಡಿಪಾಸಿಟ್‌ಗೆ ಕೊನೆ ದಿನ ಇತ್ತಲ್ಲ. 2,000 ಪೌಂಡ್, ವಾಪಸ್ ಕೊಡುವುದಿಲ್ಲ ಅಂತ ದಪ್ಪ ಅಕ್ಷರದಲ್ಲೇ ಬರೆದಿದ್ದರು. ಕಟ್ಟಿದೆವು. ಜುಲೈನಲ್ಲಿ ವೀಸಾ ಫೀಸ್ 490 ಪೌಂಡ್. ಅದರ ಮೇಲೆ ಅಲ್ಲಿನ ಆಸ್ಪತ್ರೆ ವ್ಯವಸ್ಥೆಗೆ ಅಂತ ಹೆಲ್ತ್ ಸರ್‌ಚಾರ್ಜ್ 1,164 ಪೌಂಡ್, ಅದೂ ಮುಂಗಡ. ಓದು ಒಂದೇ ವರ್ಷವಾದರೂ ವೀಸಾ ಕೊಡುವುದು ಅದಕ್ಕಿಂತ ಕೆಲವು ತಿಂಗಳು ಜಾಸ್ತಿ, ಆದ್ದರಿಂದ ಒಂದೂವರೆ ವರ್ಷದ ಲೆಕ್ಕ.

ಇಲ್ಲೇ ನೋಡಿ ನಮ್ಮ ಎಡವಟ್ಟು ಆದದ್ದು. ಇಂಡಿಯಾದಿಂದ ಹೋಗುವ ಮಕ್ಕಳಿಗೆ ಬ್ಯಾಂಕಿನಲ್ಲಿ ಇಷ್ಟು ದುಡ್ಡಿದೆ ಅಂತ ತೋರಿಸದೆ ವೀಸಾ ಕೊಡುವುದಿಲ್ಲ. ಅಮೆರಿಕದ ಪಾಸ್‌ಪೋರ್ಟ್ ಇದ್ದರೆ ಸಾಮಾನ್ಯವಾಗಿ ಆ ಕಾಗದ ಕೇಳುವುದೇ ಇಲ್ಲ. ನಾವು ಅದನ್ನು ಅದೃಷ್ಟ ಅಂದುಕೊಂಡೆವು. ಕೇಳಿದ್ದರೆ ಸಾಲದ ಕಾಗದಕ್ಕೆ ಜೂನ್‌ನಲ್ಲೇ ಯೂನಿವರ್ಸಿಟಿಯವರನ್ನು ಪೀಡಿಸುತ್ತಿದ್ದೆವು, ವಿಷಯ ಅವತ್ತೇ ಬಯಲಾಗುತ್ತಿತ್ತು.

ಆಗಸ್ಟ್ ಮೂರನೇ ವಾರ. ಮಗಳು ಹಾಲ್‌ನಲ್ಲಿ ಸೂಟ್‌ಕೇಸ್ ತೂಕ ನೋಡುತ್ತಿದ್ದಳು, ಸಾರಿನ ಪುಡಿ ಚಟ್ನಿಪುಡಿ ಡಬ್ಬಿಗಳನ್ನು ನಾನು ಒಳಗೆ ತುರುಕುವುದು ಅವಳು ಹೊರಗೆ ತೆಗೆಯುವುದು ನಡೆದಿತ್ತು. ಫೋನ್ ಟಿಣ್ ಅಂತು. ಓದಿದವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಯೂನಿವರ್ಸಿಟಿಯ ಸಾಲದ ವಿಭಾಗದಿಂದ ನಾಲ್ಕು ಸಾಲಿನ ಮೇಲ್. ನಿಮ್ಮ ಕೋರ್ಸ್ ಅಮೆರಿಕದ ಫೆಡರಲ್ ಸಾಲಕ್ಕೆ ಅರ್ಹವಲ್ಲ, ಕ್ಷಮಿಸಿ, ಶುಭವಾಗಲಿ.

ಯಾಕೆ? ಅವಳ ಕೋರ್ಸಿನಲ್ಲಿ ಹೆಲ್ತ್ ಎಕನಾಮಿಕ್ಸ್ ಅಂತ ಒಂದು ಐಚ್ಛಿಕ ವಿಷಯ. ಅದನ್ನು ಬೇಕಿದ್ದವರು ಆನ್‌ಲೈನಲ್ಲಿ ತೆಗೆದುಕೊಳ್ಳಬಹುದಿತ್ತು. ಅಷ್ಟೇ. ಮಗಳು ಅದನ್ನು ಆರಿಸಿಕೊಂಡೂ ಇರಲಿಲ್ಲ! ಆದರೆ ಅಮೆರಿಕದ ನಿಯಮ ಹಾಗಿದೆಯಂತೆ. ಹೊರದೇಶದ ಕೋರ್ಸಿನ ಯಾವುದಾದರೂ ಒಂದು ಭಾಗ ಆನ್‌ಲೈನಲ್ಲಿ ಇದ್ದರೆ ಇಡೀ ಕೋರ್ಸೇ ಸಾಲಕ್ಕೆ ಹೊರಗೆ. ನೀವು ಆ ಭಾಗ ತೆಗೆದುಕೊಳ್ಳುತ್ತೀರೋ ಬಿಡುತ್ತೀರೋ ಅದು ಬೇಕಿಲ್ಲ.

ಹಾಗಾದರೆ 2021ರಲ್ಲಿ ಆ ಹುಡುಗನಿಗೆ ಹೇಗೆ ಸಿಕ್ಕಿತು? ಅವನ ಅರ್ಧ ಕ್ಲಾಸು ಲ್ಯಾಪ್‌ಟಾಪಿನಲ್ಲೇ ನಡೆದಿತ್ತು. ಅದು ಕೋವಿಡ್ ಕಾಲದ ವಿನಾಯಿತಿ, ಆಮೇಲೆ ಹೋಯಿತು. ಪಾಪ ಅವರು ಸುಳ್ಳು ಹೇಳಲಿಲ್ಲ, ಅವರ ಕಾಲಕ್ಕೆ ಅದು ನಿಜವೇ. ಹಳೆ ಅನುಭವ ಕೇಳುವಾಗ ಯಾವ ವರ್ಷದ್ದು ಅಂತ ನಾನು ಕೇಳಬೇಕಿತ್ತು.

ಅವತ್ತು ರಾತ್ರಿ ಯಾರೂ ಮಲಗಲಿಲ್ಲ. ಅಲ್ಲಿ ಬೆಳಿಗ್ಗೆ ಒಂಬತ್ತು ಅಂದರೆ ನಮಗೆ ನಸುಕಿನ ಮೂರು ಗಂಟೆ. ಕಾಫಿ ಮಾಡಿಕೊಂಡು ಮೂವರೂ ಸ್ಪೀಕರ್ ಹಾಕಿಕೊಂಡು ಕೂತೆವು. ಅಷ್ಟು ದೊಡ್ಡ ಯೂನಿವರ್ಸಿಟಿಯಲ್ಲಿ ಅಮೆರಿಕದ ಸಾಲ ನೋಡಿಕೊಳ್ಳುವುದು ಒಬ್ಬರೇ, ಅವರೂ ವಾರಕ್ಕೆ ಎರಡು ದಿನ. ಸಿಕ್ಕಿದ್ದು ಮೂರನೇ ದಿನ. ಒಳ್ಳೆಯ ಮನುಷ್ಯ, ಸಮಾಧಾನದಿಂದ ಮಾತಾಡಿದರು. "ನಮ್ಮ ವೆಬ್‌ಸೈಟಿನ ಸಾಲದ ಪುಟದಲ್ಲಿ ಇದನ್ನು ಬರೆದಿದ್ದೇವಲ್ಲ" ಅಂದರು. ಬರೆದಿದ್ದರು, ನಿಜ. ಪುಟದ ಕೆಳಗೆ. ಆದರೆ ಸೀಟು ಕೊಟ್ಟ ವಿಭಾಗಕ್ಕೆ ಈ ನಿಯಮ ಗೊತ್ತಿಲ್ಲ, ಸಾಲದ ವಿಭಾಗಕ್ಕೆ ಯಾವ ಕೋರ್ಸಿನಲ್ಲಿ ಏನು ಆನ್‌ಲೈನ್ ಆಗಿದೆ ಅಂತ ಆಗಸ್ಟ್ ತನಕ ಗೊತ್ತಿಲ್ಲ, ಇಬ್ಬರ ನಡುವೆ ನಮ್ಮ 2,000 ಪೌಂಡ್.

ಪ್ರೈವೇಟ್ ಸಾಲ ನೋಡಿದೆವು. ನಾವು ಜೊತೆಗೆ ಸಹಿ ಹಾಕಬೇಕು, ಬಡ್ಡಿ ಜಾಸ್ತಿ, ಮುಂದೆ ಮಗಳಿಗೆ ಕೆಲಸ ಹೋದರೆ ಫೆಡರಲ್ ಸಾಲದಲ್ಲಿ ಸಿಗುವ ಆದಾಯಕ್ಕೆ ತಕ್ಕ ಕಂತಿನ ಸೌಲಭ್ಯವೂ ಇಲ್ಲ. ಬೇಡ ಅಂದೆವು. ಕೊನೆಗೆ ಅದೇ ಯೂನಿವರ್ಸಿಟಿಯಲ್ಲಿ ಎಪಿಡೆಮಿಯಾಲಜಿ ಎಂಎಸ್ಸಿ ಒಂದಿತ್ತು, ರೋಗ ಹೇಗೆ ಹರಡುತ್ತದೆ ಅಂತ ಅಂಕಿಅಂಶ ಹಿಡಿದು ನೋಡುವ ಓದು, ಪೂರ್ತಿ ಕ್ಲಾಸ್‌ರೂಮಿನದು, ಅದಕ್ಕೆ ಬದಲಾಯಿಸಿದರು. ವೀಸಾ ಕಡೆಯವರಿಗೆ ತಿಳಿಸುವ ಕೆಲಸ ಯೂನಿವರ್ಸಿಟಿಯೇ ಮಾಡಿತು. ನಮ್ಮ ಮಗಳಿಗೆ ಅಂಕಿಸಂಖ್ಯೆ ಅಂದರೆ ಆಗದು. ಹಳ್ಳಿಗಳಿಗೆ ಹೋಗಿ ತಾಯಂದಿರ ಜೊತೆ ಕೆಲಸ ಮಾಡುವ ಕನಸಿದ್ದ ಹುಡುಗಿ ವರ್ಷವಿಡೀ ರಿಗ್ರೆಷನ್ ಅನ್ನುವ ಅಂಕಿಅಂಶದ ಲೆಕ್ಕ ಮಾಡುತ್ತಾ ಕೂತಳು. ದುಡ್ಡಿನ ನಷ್ಟಕ್ಕಿಂತ ನನಗೆ ಈಗಲೂ ಚುಚ್ಚುವುದು ಇದು.

ಅರ್ಜಿ ಮತ್ತೆ ಮೊದಲಿಂದ ಓಡಿತು. ಮೊದಲ ಕಂತು ಬಂದದ್ದು ಅಕ್ಟೋಬರ್ ಕೊನೆಗೆ. ಎಲ್ಲ ಸರಿಯಿದ್ದರೂ ಪೂರ್ತಿ ದುಡ್ಡು ಒಟ್ಟಿಗೆ ಬರುವುದಿಲ್ಲ, ಅದು ನೆನಪಿರಲಿ. ನಮಗೆ ಮೂರು ಕಂತು: ಅಕ್ಟೋಬರ್, ಜನವರಿ, ಏಪ್ರಿಲ್. ದುಡ್ಡು ಮೊದಲು ಯೂನಿವರ್ಸಿಟಿಗೆ ಹೋಗುತ್ತದೆ, ಅವರು ಫೀಸ್ ಮುರಿದುಕೊಂಡು ಉಳಿದದ್ದನ್ನು ಮಕ್ಕಳಿಗೆ ಕೊಡುತ್ತಾರೆ. ಮನೆ ಓನರ್ ಅಲ್ಲಿವರೆಗೂ ಕಾಯುತ್ತಾನಾ? ಇಂಗ್ಲೆಂಡಿನಲ್ಲೇ ಇರುವ ಜಾಮೀನುದಾರರು ಬೇಕು ಅಂದರು. ನಮಗೆ ಅಲ್ಲಿ ಯಾರೂ ಇಲ್ಲ. ಹಾಗಾದರೆ ಆರು ತಿಂಗಳ ಬಾಡಿಗೆ ಮುಂಗಡ, 3,900 ಪೌಂಡ್. ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದೆವು. ಏಪ್ರಿಲ್‌ನಲ್ಲಿ ಲೆಕ್ಕ ಹಾಕುವಾಗ ಪೌಂಡ್ 1.25 ಡಾಲರ್ ಆಸುಪಾಸಿನಲ್ಲಿತ್ತು, ಕಾರ್ಡ್ ಉಜ್ಜುವ ಸೆಪ್ಟೆಂಬರಿಗೆ 1.34ರ ಹತ್ತಿರ ಏರಿ ಕೂತಿತ್ತು. ಜನವರಿಯಲ್ಲಿ ಮತ್ತೆ 1.22ರ ಹತ್ತಿರ ಇಳಿಯಿತು ಅನ್ನಿ, ಆ ಕಂತಿನಲ್ಲಿ ನಮಗೆ ಲಾಭವೇ ಆಯಿತು. ಆದರೆ ಅದು ಜೂಜು.

ಇನ್ನೊಂದು, ಸಹಿ ಹಾಕಿದಷ್ಟು ದುಡ್ಡು ಕೈಗೆ ಬರುವುದಿಲ್ಲ. 20,500ರ ಡೈರೆಕ್ಟ್ ಲೋನಿನಲ್ಲಿ 1.057 ಪರ್ಸೆಂಟ್ ಫೀಸ್ ಮೊದಲೇ ಹಿಡಿದರು. ಪ್ಲಸ್‌ನಲ್ಲಿ 4.228 ಪರ್ಸೆಂಟ್. ನಾವು 24,000 ಪ್ಲಸ್ ತೆಗೆದದ್ದಕ್ಕೆ ಸಾವಿರ ಡಾಲರಿಗೂ ಜಾಸ್ತಿ ಅಲ್ಲೇ ಹೋಯಿತು. ಎರಡೂ ಸೇರಿ 1,231 ಡಾಲರ್ ಕಣ್ಣಿಗೇ ಬೀಳಲಿಲ್ಲ. ಬಡ್ಡಿ ಮಾತ್ರ ಪೂರ್ತಿ 44,500ರ ಮೇಲೆ, ಕಂತು ಬಿಡುಗಡೆಯಾದ ದಿನದಿಂದಲೇ. ಆ ವರ್ಷದ ದರ ಡೈರೆಕ್ಟ್‌ಗೆ 8.08, ಪ್ಲಸ್‌ಗೆ 9.08. ಓದು ಮುಗಿದ ಮೇಲೆ ಆರು ತಿಂಗಳು ಬಿಡುವು ಕೊಡುತ್ತಾರೆ, ಬಡ್ಡಿಗೆ ಬಿಡುವಿಲ್ಲ. ಮೊದಲ ಕಂತು ಕಟ್ಟುವ ಹೊತ್ತಿಗೆ ಬಡ್ಡಿಯೇ ನಾಲ್ಕು ಸಾವಿರ ಡಾಲರ್ ದಾಟುತ್ತದೆ.

ಇಷ್ಟಾದ ಮೇಲೂ ಇನ್ನೊಂದು ಗುಂಡಿ ಇತ್ತು. ಜೂನ್‌ನಿಂದ ಸೆಪ್ಟೆಂಬರ್ ತನಕ ಬರೀ ಡಿಸರ್ಟೇಶನ್, ಅಂದರೆ ಕೊನೆಯ ದೊಡ್ಡ ಪ್ರಬಂಧ, ಕ್ಲಾಸ್ ಇಲ್ಲ. ಅತ್ತೆ ಮೈಸೂರಿನಿಂದ ಆ ಬೇಸಿಗೆಗೇ ಬರುವವರಿದ್ದರು. ಮಗಳು ಮನೆಗೆ ಬಂದು ಅಜ್ಜಿ ಜೊತೆ ಇದ್ದುಕೊಂಡೇ ಬರೆಯುತ್ತೇನೆ ಅಂದಳು. ಅವಳ ಗೈಡ್ ಕೂಡ ಆಗಲಿ ಅಂದರು. ಒಮ್ಮೆ ಸುಟ್ಟುಕೊಂಡಿದ್ದೆವಲ್ಲ, ಈ ಸಲ ಟಿಕೆಟ್ ತೆಗೆಯುವ ಮೊದಲು ಸಾಲದವರನ್ನು ಕೇಳಿದೆವು. ಬೇಡವೇ ಬೇಡ ಅಂದರು. ರಜೆಗೆ ಹೋಗಿ ಬರಬಹುದು. ಆದರೆ ಅಮೆರಿಕದಲ್ಲಿ ಕೂತು ಡಿಸರ್ಟೇಶನ್ ಬರೆದರೆ ಸಾಲದ ಅರ್ಹತೆ ಹೋಗುತ್ತದೆ, ಕೊಟ್ಟ ಕಂತು ವಾಪಸ್ ಕೇಳಬಹುದು. ಅಮೆರಿಕದ ಸರ್ಕಾರ ಅಮೆರಿಕದ ಮಗುವಿಗೆ, ಅಮೆರಿಕದಲ್ಲಿ ಕೂತು ಬರೆಯಬೇಡ ಅನ್ನುವುದು! ಅತ್ತೆಗೆ ಇದನ್ನು ವಿವರಿಸಲು ಹೋಗಿ ಸೋತೆ. ಎರಡು ವಾರ ರಜೆಗೆ ಬಂದು ಹೋದಳು. ಉಳಿದ ದಿನ ಅಜ್ಜಿ ಮೊಮ್ಮಗಳು ವಿಡಿಯೊ ಕಾಲಿನಲ್ಲೇ.

ಹಾಗಾಗಿ ಸೀಟು ಸಿಕ್ಕ ದಿನವೇ ಯೂನಿವರ್ಸಿಟಿಯ ಅಮೆರಿಕನ್ ಸಾಲದ ವಿಭಾಗಕ್ಕೆ ಮೇಲ್ ಹಾಕಿ. "ನಿಮ್ಮಲ್ಲಿ ಫೆಡರಲ್ ಸಾಲ ನಡೆಯುತ್ತದಾ" ಅಂತ ನಾವು ಕೇಳಿದ್ದೆವು, ಹೌದು ಅಂದರು, ಅದು ಸುಳ್ಳೂ ಅಲ್ಲ. ಕೇಳಬೇಕಾದದ್ದು, ಈ ಕೋರ್ಸ್, ಈ ಕೋಡ್, ಈ ವರ್ಷಕ್ಕೆ ಅರ್ಹವಾ, ಅದರಲ್ಲಿ ಯಾವುದಾದರೂ ವಿಷಯ ಆನ್‌ಲೈನ್ ಇದೆಯಾ, ಅಮೆರಿಕದಲ್ಲಿ ಮಾಡಬೇಕಾದ ಇಂಟರ್ನ್‌ಶಿಪ್ಪೋ ಪ್ರಾಜೆಕ್ಟೋ ಇದೆಯಾ ಅಂತ. ಉತ್ತರ ಬರಹದಲ್ಲೇ ಬರಲಿ. ಬರುವ ತನಕ ಡಿಪಾಸಿಟ್ ಗಡುವು ಮುಂದೂಡಲು ಕೇಳಿ. ಕೇಳಿದರೆ ಕೊಡುತ್ತಾರೆ ಅಂತ ನಮಗೆ ಆಮೇಲೆ ಗೊತ್ತಾಯಿತು. ಮೊದಲ ಮೂರು ತಿಂಗಳ ಖರ್ಚು ಕೈಯಲ್ಲಿ ಇಟ್ಟುಕೊಂಡೇ ಹೊರಡಿ.

ಡಿಗ್ರಿಗೆ ಕಳಿಸುವವರ ಲೆಕ್ಕ ಬೇರೆ. ನಿಮ್ಮ ಆಶ್ರಯದಲ್ಲಿರುವ ಮಗುವಿಗೆ ಮೊದಲ ವರ್ಷ 5,500 ಡಾಲರ್ ಅಷ್ಟೇ ಸಿಗುವುದು. ಉಳಿದದ್ದು ನಿಮ್ಮ ಹೆಸರಿನ ಪೇರೆಂಟ್ ಪ್ಲಸ್, ಅದಕ್ಕೆ ನಿಮಗೂ ಪೌರತ್ವವೋ ಗ್ರೀನ್ ಕಾರ್ಡೋ ಬೇಕು. ಮಗು ಇಲ್ಲಿ ಹುಟ್ಟಿ, ಅಪ್ಪ ಅಮ್ಮ ಇಬ್ಬರೂ ಇನ್ನೂ ಎಚ್-1ಬಿ ವೀಸಾದಲ್ಲೇ ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತಿರುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ?

ಮತ್ತೆ ಈಗ ನಾವು ಹೋದ ದಾರಿಯೂ ಮುಚ್ಚಿತು. 2025ರ ಜುಲೈ 4ರಂದು ಸಹಿಯಾದ ಕಾನೂನಿನ ಪ್ರಕಾರ 2026ರ ಜುಲೈ 1ರಿಂದ ಹೊಸಬರಿಗೆ ಗ್ರಾಡ್ ಪ್ಲಸ್ ಇಲ್ಲವೇ ಇಲ್ಲ. ಸಾಮಾನ್ಯ ಮಾಸ್ಟರ್ಸ್‌ಗೆ ವರ್ಷಕ್ಕೆ 20,500, ಮುಗಿಯಿತು. ಪೇರೆಂಟ್ ಪ್ಲಸ್‌ಗೂ ಒಂದು ಮಗುವಿಗೆ ವರ್ಷಕ್ಕೆ 20,000, ಒಟ್ಟು 65,000 ಅಂತ ಮಿತಿ ಹಾಕಿದ್ದಾರೆ. ನಮ್ಮ ಮಗಳ 34,000 ಪೌಂಡಿನ ಲೆಕ್ಕಕ್ಕೆ 20,500 ಡಾಲರ್ ಅರ್ಧವೂ ಆಗುವುದಿಲ್ಲ. ಹಳೆ ಬರಹಗಳಲ್ಲಿ "ಪೂರ್ತಿ ಖರ್ಚಿಗೆ ಸಾಲ ಸಿಗುತ್ತದೆ" ಅಂತ ಇದ್ದರೆ ನಂಬಬೇಡಿ.

ಹೋದ ವಾರ ನಮ್ಮ ಬೀದಿಯಲ್ಲೇ ಇರುವ ಹಾಸನದವರ ಮಗ ಬಂದಿದ್ದ. ಸ್ಕಾಟ್ಲೆಂಡಿನಲ್ಲಿ ಸೀಟಂತೆ, ಖುಷಿಯೋ ಖುಷಿ. "ಆಂಟಿ, ಲಿಸ್ಟಲ್ಲಿ ಹೆಸರಿದೆ" ಅಂದ. ಲ್ಯಾಪ್‌ಟಾಪ್ ತೆಗೆಸಿ ಕೋರ್ಸಿನ ಪುಟ ತೋರಿಸು ಅಂದೆ. ಕೆಳಗೆ ಹೋಗುತ್ತಾ ಹೋಗುತ್ತಾ ಎರಡನೇ ಸೆಮಿಸ್ಟರಿನ ಹತ್ತಿರ ಸಣ್ಣ ಅಕ್ಷರದಲ್ಲಿ 'ಹೈಬ್ರಿಡ್' ಅಂತ ಕಂಡಿತು, ಅಂದರೆ ಸ್ವಲ್ಪ ಕ್ಲಾಸಿನಲ್ಲಿ ಸ್ವಲ್ಪ ಆನ್‌ಲೈನಲ್ಲಿ. ಕಾಫಿ ಆಮೇಲೆ ಕುಡಿಯುವೆಯಂತೆ, ಮೊದಲು ಮೇಲ್ ಹಾಕು ಅಂದೆ. ಡಿಪಾಸಿಟ್‌ಗೆ ಇನ್ನೂ ಒಂಬತ್ತು ದಿನ ಇದೆಯಂತೆ.